ಬೆಂಗಳೂರು ಬ್ಲೂ ದ್ರಾಕ್ಷಿಯಲ್ಲಿ ಮೊದಲ ಸಲ ವೈನ್: ಸಕ್ಕರೆ ಎಷ್ಟು, ಗೋಧಿ ಬೇಕಾ?

ದ್ರಾಕ್ಷಿಗೊಂಚಲು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. 5 ಕೆಜಿ ಬೆಂಗಳೂರು ಬ್ಲೂ ತಂದು ವೈನ್ ಹಾಕೋಣ ಅಂತಿದ್ದೀನಿ, ಇದೇ ಮೊದಲು. ಸಿಕ್ಕಿದ ರೆಸಿಪಿಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಇವೆ: ಕೆಜಿ ದ್ರಾಕ್ಷಿಗೆ ಕೆಜಿ ಸಕ್ಕರೆ, ಲೀಟರ್ ಕುದಿಸಿ ಆರಿಸಿದ ನೀರು, ಒಂದು ಹಿಡಿ ಗೋಧಿ, ಒಂದು ಚಮಚ ಬ್ರೆಡ್ ಯೀಸ್ಟ್, ಚಕ್ಕೆ, ಲವಂಗ. ಭರಣಿಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, 21 ದಿನ ಬಿಡಿ ಅಂತಾರೆ. ಆದ್ರೆ ನನಗೆ ಪಾನಕದ ಹಾಗೆ ಸಿಹಿ ಇರೋ ವೈನ್ ಬೇಡ. ಊಟದ ಜೊತೆ ಕುಡಿಯೋ ಹಾಗಿರಬೇಕು.

ಸಕ್ಕರೆ ನಿಜಕ್ಕೂ ಎಷ್ಟು ಬೇಕು? ಗೋಧಿ ಯಾಕೆ? ಮುಚ್ಚಳ ಬಿಗಿ ಮಾಡಿದ್ರೆ ಬಾಟಲಿ ಸಿಡಿಯುತ್ತೆ ಅಂತಾರಲ್ಲ, ಹಾಗಾದ್ರೆ ಮುಚ್ಚೋದು ಹೇಗೆ? ಕೊನೆಯದಾಗಿ, ಮನೆಯಲ್ಲಿ ಹಿರಿಯರು ಕಳ್ಳಭಟ್ಟಿ ಕುಡಿದು ಕಣ್ಣು ಹೋದವರ ಸುದ್ದಿ ನೆನಪಿಸ್ತಿದ್ದಾರೆ. ವೈನ್‌ನಲ್ಲೂ ಆ ಭಯ ಇದೆಯಾ?

ಬ್ರಿಕ್ಸ್‌ಮಾಪಕ

ತೊಂದರೆ ಸಕ್ಕರೆಯ ಲೆಕ್ಕದಲ್ಲೇ ಇದೆ. ಲೀಟರಿಗೆ 17 ಗ್ರಾಂ ಸಕ್ಕರೆ ಹುದುಗಿದರೆ ಶೇ. 1ರಷ್ಟು ಆಲ್ಕೋಹಾಲ್. ಸಮಸಮ ರೆಸಿಪಿಯಲ್ಲಿ ಲೀಟರಿಗೆ ಹತ್ತಿರ ಹತ್ತಿರ 480 ಗ್ರಾಂ ಸಕ್ಕರೆ ಬೀಳುತ್ತೆ. ಶೇ. 12ರ ಹೊತ್ತಿಗೆ ಯೀಸ್ಟ್ ತಿಂದಿರೋದು 204 ಗ್ರಾಂ, ಬ್ರೆಡ್ ಯೀಸ್ಟ್ ಸಾಮಾನ್ಯವಾಗಿ ಅಲ್ಲಿಗೇ ಸುಸ್ತು. ಮಿಕ್ಕ 270 ಚಿಲ್ಲರೆ ಗ್ರಾಂ ಹಾಗೇ ಉಳಿಯುತ್ತೆ, ಪಾನಕ ಅನ್ನಿಸೋದು ಅದಕ್ಕೇ. ಅಷ್ಟು ಗಟ್ಟಿ ಸಕ್ಕರೆಯಲ್ಲಿ ಯೀಸ್ಟ್ ಶುರುವಿಗೇ ತಿಣುಕುತ್ತೆ. ಕ್ರಿಸ್‌ಮಸ್‌ಗೆ ಸಣ್ಣ ಲೋಟದಲ್ಲಿ ಕೊಡೋ ಸಿಹಿ ವೈನ್‌ಗೆ ಆ ರೆಸಿಪಿ ಸರಿ. ನೀವು ಕೇಳ್ತಿರೋದು ಬೇರೆಯದೇ.

ಬೆಂಗಳೂರು ಬ್ಲೂ ರಸ ಸಾಮಾನ್ಯವಾಗಿ 16 ಬ್ರಿಕ್ಸ್ (100 ಗ್ರಾಂ ರಸದಲ್ಲಿ ಎಷ್ಟು ಗ್ರಾಂ ಸಕ್ಕರೆ ಅನ್ನೋ ಅಳತೆ) ಆಸುಪಾಸು ಇರುತ್ತೆ, ರಸದ ಸಾಂದ್ರತೆ ಅಳೆಯೋ ಹೈಡ್ರೋಮೀಟರಿನಲ್ಲಿ 1.065 (ಬರೀ ನೀರು 1.000). ಊಟದ ವೈನ್‌ಗೆ 22 ಬ್ರಿಕ್ಸ್, ಅಂದ್ರೆ 1.092 ಬೇಕು. ಅಷ್ಟಕ್ಕೆ ಏರಿಸೋಕೆ ಲೀಟರ್ ರಸಕ್ಕೆ 80 ಗ್ರಾಂ ಸಕ್ಕರೆ ಸಾಕು. 5 ಕೆಜಿ ಹಣ್ಣಿನಲ್ಲಿ ರಸ ಮೂರೂವರೆ ಲೀಟರ್ ಅಂತ ಹಿಡಿದರೆ 280 ಗ್ರಾಂ. ಐದು ಕೆಜಿ ಅಲ್ಲ, ಕಾಲು ಕೆಜಿಗೆ ಸ್ವಲ್ಪ ಜಾಸ್ತಿ, ಅಷ್ಟೇ! ನೀರು ಒಂದು ಹನಿಯೂ ಬೇಡ. ಹಣ್ಣು ಹಣ್ಣಿಗೆ ವ್ಯತ್ಯಾಸ ಇರೋದರಿಂದ ಮೊದಲು ಹೈಡ್ರೋಮೀಟರ್ ತಗೊಳ್ಳಿ, ಯೀಸ್ಟ್ ಆಮೇಲೆ. ಡೈರಿಯ ಲ್ಯಾಕ್ಟೋಮೀಟರ್ ಇದಕ್ಕೆ ಆಗಲ್ಲ, ಅದರ ಗೆರೆಗಳು 1.040ಕ್ಕೇ ಮುಗಿಯುತ್ತವೆ.

ಗೋಧಿ ಬಿಟ್ಟುಬಿಡಿ. ಅದರ ಪಿಷ್ಟವನ್ನು ಯೀಸ್ಟ್ ತಿನ್ನಲ್ಲ, ವೈನ್ ಮಾತ್ರ ಮಬ್ಬಾಗುತ್ತೆ.

ಕೆಲಸ ಹೀಗೆ. ಕಾಯಿ, ಕೊಳೆತದ್ದು, ತೊಟ್ಟು ಎಲ್ಲ ತೆಗೆದು, ಹಣ್ಣು ತೊಳೆದು ನೀರು ಆರಿಸಿ. 10 ಲೀಟರಿನ ಫುಡ್ ಗ್ರೇಡ್ ಬಕೆಟ್‌ನಲ್ಲಿ ಕೈಯಿಂದಲೇ ಹಿಚುಕಿ. ಮಿಕ್ಸಿಗೆ ಹಾಕಬೇಡಿ, ಬೀಜ ಒಡೆದರೆ ಕಹಿ ಇಳಿಯುತ್ತೆ. ಬೇಯಿಸಲೂಬೇಡಿ, ಪೆಕ್ಟಿನ್ ಬಿಟ್ಟುಕೊಂಡು ವೈನ್ ತಿಳಿಯಾಗೋದೇ ಇಲ್ಲ. ಸ್ಕ್ವಾಶ್ ಕೆಡದಿರಲು ಹಾಕೋ ಕೆಎಂಎಸ್ (ಪೊಟ್ಯಾಸಿಯಂ ಮೆಟಾಬೈಸಲ್ಫೈಟ್, ಗಂಧಕದ ಸಂರಕ್ಷಕ) ಪುಡಿ 1 ಗ್ರಾಂ ತೂಗಿ 100 ಮಿಲೀ ನೀರಿನಲ್ಲಿ ಕರಗಿಸಿ, ಅದರಲ್ಲಿ 40 ಮಿಲೀ ಮಾತ್ರ ಬೆರೆಸಿ. ಕಾಡು ಯೀಸ್ಟ್, ಬ್ಯಾಕ್ಟೀರಿಯಾ ಹಿಡಿತಕ್ಕೆ ಬರ್ತವೆ. ಮನೆಯಲ್ಲಿ ಅಸ್ತಮಾ ಇರೋರು ಕುಡಿಯೋ ಹಾಗಿದ್ರೆ ಇದನ್ನು ಮೊದಲೇ ಅವರಿಗೆ ಹೇಳಿ, ಕೆಲವರಿಗೆ ಗಂಧಕ ಆಗಿಬರಲ್ಲ. ಬಟ್ಟೆ ಮುಚ್ಚಿ 24 ಗಂಟೆ ಬಿಟ್ಟ ಮೇಲೆ ಸಕ್ಕರೆ ಕರಗಿಸಿ ಯೀಸ್ಟ್ ಹಾಕಿ.

ಯೀಸ್ಟ್‌ನಲ್ಲಿ ಲಾಲ್ವಿನ್ 71ಬಿ ಸಿಕ್ಕರೆ ಅದನ್ನೇ ಹಿಡೀರಿ. ಮ್ಯಾಲಿಕ್ ಆಮ್ಲವನ್ನು ಒಂದಿಷ್ಟು ತಿನ್ನೋದರಿಂದ ಈ ಹುಳಿ ದ್ರಾಕ್ಷಿಗೆ ಚೆನ್ನಾಗಿ ಒಪ್ಪುತ್ತೆ. 5 ಗ್ರಾಂ ಪೊಟ್ಟಣದಲ್ಲಿ ಅರ್ಧ ಸಾಕು. 35ರಿಂದ 40 ಡಿಗ್ರಿ ಬಿಸಿಯ 50 ಮಿಲೀ ನೀರಿನಲ್ಲಿ ಕಾಲು ಗಂಟೆ ನೆನೆಸಿ ಹಾಕಿ.

ಗಷ್ಟುಗಡಿಗೆ

ಮೇಲಿನ ಲೆಕ್ಕ ಸರಿಯಾಗಿದೆ. ಗಾಳಿಯ ವಿಷಯ ನಾನು ಬರೀತೀನಿ, ಹೊಸಬರ ವೈನ್ ಕೆಡೋದು ಬಹುಪಾಲು ಅಲ್ಲೇ.

ಹುದುಗು ಜೋರಾದಾಗ ಸಿಪ್ಪೆಯೆಲ್ಲ ಮೇಲಕ್ಕೆ ಬಂದು ದಪ್ಪ ಪದರ ಕಟ್ಟುತ್ತೆ. ದಿನಕ್ಕೆ ಎರಡು ಸಲ ತೊಳೆದ ಸ್ಟೀಲ್ ಸೌಟಿನಿಂದ ಅದನ್ನು ಒಳಕ್ಕೆ ಅದುಮಿ. ಬಿಟ್ಟರೆ ಮೇಲ್ಭಾಗ ಒಣಗಿ, ನುಸಿ ಮುತ್ತಿ, ಅಲ್ಲಿಂದಲೇ ವಿನೆಗರ್ ಶುರು. ಈ ಹಂತದಲ್ಲಿ ಬಟ್ಟೆ ಮುಚ್ಚಿದರೆ ಸಾಕು, ಹೊರಬರೋ ಅನಿಲವೇ ಕಾವಲು. ರೀಡಿಂಗ್ 1.020ರಿಂದ 1.010ರ ನಡುವೆ ಬಂದಾಗ, ಸಾಮಾನ್ಯವಾಗಿ 4ರಿಂದ 6 ದಿನಕ್ಕೆ, ತೆಳು ಬಟ್ಟೆಯಲ್ಲಿ ಸೋಸಿ ಮೆಲ್ಲಗೆ ಹಿಂಡಿ. ಮೂರು ಲೀಟರ್ ಚಿಲ್ಲರೆ ಸಿಗುತ್ತೆ.

ಇಲ್ಲಿಂದ ಮುಂದೆ ಬಟ್ಟೆ ಸಾಲದು. 3 ಲೀಟರಿನ ಗಾಜಿನ ಜಾಡಿಯನ್ನು ಕತ್ತಿನ ತನಕ ತುಂಬಿಸಿ, ಮಿಕ್ಕದ್ದು ಸಣ್ಣ ಬಾಟಲಿಗೆ. ಏರ್‌ಲಾಕ್ ಸಿಗದಿದ್ದರೆ ಮುಚ್ಚಳಕ್ಕೆ ತೂತು ಮಾಡಿ, ಅಕ್ವೇರಿಯಂ ಪೈಪ್ ಬಿಗಿಯಾಗಿ ತೂರಿಸಿ, ಇನ್ನೊಂದು ತುದಿಯನ್ನು ನೀರಿನ ಲೋಟದಲ್ಲಿ ಮುಳುಗಿಸಿ. ಅನಿಲ ಹೊರಗೆ ಹೋಗುತ್ತೆ, ಗಾಳಿ ಒಳಗೆ ಬರಲ್ಲ. ಕೆಜಿ ಸಕ್ಕರೆ ಹುದುಗಿದರೆ 250 ಲೀಟರಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಬರುತ್ತೆ. ಬಿಗಿ ಮುಚ್ಚಳದ ಗಾಜು ಅದನ್ನು ತಡೆಯೋ ಮಾತೇ ಇಲ್ಲ.

ಪಾತ್ರೆಗೆ ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ ಬೇಡ. ಹಳೇ ಉಪ್ಪಿನಕಾಯಿ ಭರಣಿಯೂ ಬೇಡ: ವಾಸನೆ ಬಿಡಲ್ಲ, ಬಿರುಕಿನಲ್ಲಿ ಕೊಳೆ ಕೂತಿರುತ್ತೆ, ಹಳೆಯ ಮೆರುಗಿನಲ್ಲಿ ಸೀಸ ಇದ್ದರೆ ವೈನ್‌ನ ಹುಳಿ ಅದನ್ನು ಎಳೆದುಕೊಳ್ಳುತ್ತೆ.

ಬಿಸಿಲುಗಾಲದಲ್ಲಿ ಹಾಕೋದಾದ್ರೆ ಬಕೆಟನ್ನು ನೀರಿನ ಟಬ್ಬಿನಲ್ಲಿಟ್ಟು ಒದ್ದೆ ಬಟ್ಟೆ ಸುತ್ತಿ. 20ರಿಂದ 25 ಡಿಗ್ರಿ ಒಳ್ಳೇದು. 30 ದಾಟಿದರೆ ಗಂಟಲು ಉರಿಸೋ ಸ್ಪಿರಿಟ್ ವಾಸನೆ ಬರುತ್ತೆ, ಆಮೇಲೆ ಏನು ಮಾಡಿದರೂ ಅದು ಹೋಗಲ್ಲ.

21 ದಿನ ಅನ್ನೋದಕ್ಕೆ ಅರ್ಥ ಇಲ್ಲ. 0.996 ಅಥವಾ ಅದಕ್ಕಿಂತ ಕೆಳಗಿಳಿದು, ಮೂರು ದಿನ ಒಂದೇ ರೀಡಿಂಗ್ ಇದ್ದರೆ ಮುಗೀತು. ಗುಳ್ಳೆ ನಿಂತಿತು ಅಂತ ನಂಬಬೇಡಿ. ಮುಗಿದ ಮೇಲೆ ತಳದ ಗಷ್ಟು ಕದಡದ ಹಾಗೆ ಪೈಪಿನಿಂದ ಬೇರೆ ಜಾಡಿಗೆ ಇಳಿಸಿ. ತಿಂಗಳು ಬಿಟ್ಟು ಮತ್ತೊಮ್ಮೆ. ತಿಳಿಯಾಗಲು ಎರಡು ಮೂರು ತಿಂಗಳು ಹಿಡಿಯುತ್ತೆ.

ದ್ರಾಕ್ಷಿಗೊಂಚಲು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಇನ್ನೆರಡು ಪ್ರಶ್ನೆ. ಕೊನೆಯಲ್ಲಿ ಒಂಚೂರು ಸಿಹಿ ಬೇಕು ಅನ್ನಿಸಿದರೆ ಸಕ್ಕರೆ ಬೆರೆಸಿ ಬಾಟಲಿಗೆ ಹಾಕಬಹುದಾ? ಮಧ್ಯದಲ್ಲಿ ಕೊಳೆತ ಮೊಟ್ಟೆ ವಾಸನೆ ಬರುತ್ತೆ ಅಂತ ಓದಿದೆ. ಹಾಗಾದ್ರೆ ಚೆಲ್ಲಬೇಕಾ?

ಬ್ರಿಕ್ಸ್‌ಮಾಪಕ

ಬರೀ ಸಕ್ಕರೆ ಬೆರೆಸಿ ಬಾಟಲಿ ಮುಚ್ಚಿದರೆ ಉಳಿದ ಯೀಸ್ಟ್ ಮತ್ತೆ ಎದ್ದು ಬಾಟಲಿ ಸಿಡಿಯುತ್ತೆ. ವೈನ್ ತಿಳಿಯಾದ ಮೇಲೆ ಲೀಟರಿಗೆ 0.2 ಗ್ರಾಂ ಪೊಟ್ಯಾಸಿಯಂ ಸಾರ್ಬೇಟ್, ಜೊತೆಗೆ 0.1 ಗ್ರಾಂ ಕೆಎಂಎಸ್, ಎರಡನ್ನೂ ಹಾಕಿ, ಆಮೇಲೆ ಸಕ್ಕರೆ. ಸಾರ್ಬೇಟ್ ಯೀಸ್ಟನ್ನು ಕೊಲ್ಲಲ್ಲ, ಹೊಸದಾಗಿ ಹೆಚ್ಚೋದನ್ನು ತಡೆಯುತ್ತೆ. ಅದಕ್ಕೇ ಯೀಸ್ಟ್ ಇನ್ನೂ ತುಂಬಿರೋ ಮಬ್ಬು ವೈನ್‌ಗೆ ಹಾಕಿದರೆ ಪ್ರಯೋಜನ ಇಲ್ಲ. ಇದೆಲ್ಲ ಬೇಡ ಅಂದ್ರೆ ಕುಡಿಯೋ ಹೊತ್ತಿಗೆ ಲೋಟದಲ್ಲೇ ಸಕ್ಕರೆ ಪಾಕ ಬೆರೆಸಿಕೊಳ್ಳಿ.

ಮೊಟ್ಟೆ ವಾಸನೆಗೆ ಚೆಲ್ಲಬೇಡಿ. ಯೀಸ್ಟ್‌ಗೆ ಸಾರಜನಕ ಸಾಲದಾದಾಗ ಹೈಡ್ರೋಜನ್ ಸಲ್ಫೈಡ್ ಬಿಡುತ್ತೆ. ಶುರುವಿನ ಮೂರು ನಾಲ್ಕು ದಿನದೊಳಗೆ ಬಂದರೆ ಲೀಟರಿಗೆ ಕಾಲು ಗ್ರಾಂ ಫುಡ್ ಗ್ರೇಡ್ ಡಿಎಪಿ (ಯೀಸ್ಟ್‌ಗೆ ಸಾರಜನಕ ಕೊಡೋ ಡೈಅಮೋನಿಯಂ ಫಾಸ್ಫೇಟ್) ಹಾಕಿ ಕಲಕಿ. ಗೊಬ್ಬರದ ಅಂಗಡಿಯ ಡಿಎಪಿ ಖಂಡಿತ ಬೇಡ, ಅದು ಹೊಲಕ್ಕೆ ಮಾಡಿದ್ದು, ತಿನ್ನೋಕಲ್ಲ. ತಡವಾಗಿ ಬಂದರೆ ಜಾಡಿ ಬದಲಿಸುವಾಗ ಒಂದು ಸಲ ಮಾತ್ರ ಎತ್ತರದಿಂದ ಸುರೀರಿ, ವಾಸನೆ ಹಾರಿಹೋಗುತ್ತೆ.

ಮೇಲೆ ತೆಳ್ಳನೆ ಬಿಳಿ ಪೊರೆ ಕಂಡರೆ ಜಾಡಿಯಲ್ಲಿ ಖಾಲಿ ಜಾಗ ಜಾಸ್ತಿ ಇದೆ ಅಂತ ಅರ್ಥ. ಅದನ್ನು ತೆಗೆದು ಸಣ್ಣ ಜಾಡಿಗೆ ಬದಲಿಸಿ. ಹಸಿರೋ ಕಪ್ಪೋ ಬೂಸ್ಟು ಬಂದರೆ ಮಾತ್ರ ಯೋಚನೆ ಮಾಡದೆ ಚೆಲ್ಲಿ.

ಸೀಮೆದ್ರಾಕ್ಷಿ

ಕಣ್ಣು ಹೋಗೋ ಭಯದ ಪ್ರಶ್ನೆ ಉಳಿದುಬಿಟ್ಟಿದೆ. ಅದಕ್ಕೆ ಕಾರಣ ಮೆಥನಾಲ್ ಅನ್ನೋ ವಿಷಕಾರಿ ಆಲ್ಕೋಹಾಲ್. ಹಣ್ಣಿನ ಪೆಕ್ಟಿನ್‌ನಿಂದ ಪ್ರತಿ ವೈನ್‌ನಲ್ಲೂ ಚೂರು ಮೆಥನಾಲ್ ಹುಟ್ಟುತ್ತೆ, ಅಂಗಡಿಯದ್ದರಲ್ಲೂ ಇದೆ. ಅಷ್ಟರಿಂದ ಕಣ್ಣು ಹೋಗಲ್ಲ. ಕಳ್ಳಭಟ್ಟಿ ದುರಂತಗಳಲ್ಲಿ ಸಾಮಾನ್ಯವಾಗಿ ಸಿಗೋದು ಕೈಗಾರಿಕೆಯ ಮೆಥನಾಲ್ ಬೆರೆಸಿದ ಸಾರಾಯಿ. ಹುದುಗಿಸೋದು ಬೇರೆ, ಬಟ್ಟಿ ಇಳಿಸೋದು ಬೇರೆ. ನಿಮ್ಮ ವೈನನ್ನು ಯಾವ ಕಾರಣಕ್ಕೂ ಬಟ್ಟಿ ಇಳಿಸಬೇಡಿ, ಅಷ್ಟೇ.

ಕಾನೂನಿನ ಮಾತು ಯಾರೂ ಎತ್ತಿಲ್ಲ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಮದ್ಯ ತಯಾರಿಕೆಗೂ ಮಾರಾಟಕ್ಕೂ ಪರವಾನಗಿ ಬೇಕು. ಕೊಡಗಿನಲ್ಲಿ 'ಹೋಮ್‌ಮೇಡ್ ವೈನ್' ಬೋರ್ಡು ಕಾಣುತ್ತೆ ಅಂತ ಧೈರ್ಯ ಮಾಡಬೇಡಿ, ಶುರು ಮಾಡೋ ಮೊದಲೇ ನಿಮ್ಮ ಅಬಕಾರಿ ಕಚೇರಿಯಲ್ಲಿ ಕೇಳಿ. ಅಮೆರಿಕದಲ್ಲಿರೋ ಕನ್ನಡಿಗರಿಗೆ ಫೆಡರಲ್ ಕಾನೂನಿನಲ್ಲಿ ಒಬ್ಬರೇ ವಯಸ್ಕರಿರೋ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರೋ ಹೆಚ್ಚೋ ಇದ್ದರೆ 200 ಗ್ಯಾಲನ್ ತನಕ ಸ್ವಂತಕ್ಕೆ ಮಾಡಿಕೊಳ್ಳಲು ಅವಕಾಶ ಇದೆ, ಮಾರುವಂತಿಲ್ಲ. ಅಲ್ಲಿ ಸಿಗೋ ಕಾಂಕರ್ಡ್ ದ್ರಾಕ್ಷಿ ನಮ್ಮ ಬೆಂಗಳೂರು ಬ್ಲೂ ಥರದ್ದೇ, ಎರಡೂ ಲಬ್ರುಸ್ಕಾ ಜಾತಿ. ಸಿಪ್ಪೆ ಸಲೀಸಾಗಿ ಕಳಚುತ್ತೆ, ಅದೇ ಗಮ್ಮನೆಯ ವಾಸನೆ, ಅದೇ ಹುಳಿ. ಇಲ್ಲಿನ ಕ್ರಮ ಹಾಗೇ ನಡೆಯುತ್ತೆ, ಸಕ್ಕರೆಯನ್ನು ಮಾತ್ರ ರೀಡಿಂಗ್ ನೋಡಿ ಹಾಕಬೇಕು.