ಸ್ಕೆಚ್‌ನಲ್ಲಿದ್ದ ಜೀವಕಳೆ ಕ್ಯಾನ್ವಾಸಿಗೆ ಬರುವಾಗ ಏಕೆ ಕಳೆದುಹೋಗುತ್ತದೆ?

ಪ್ರಶ್ನೆ: ಪಡುಕಡಲು, ಉಡುಪಿ

ಬಳಗದ ಹಿರಿಯರಿಗೆ ನಮಸ್ಕಾರ. ಉದ್ಯೋಗದ ಜೊತೆಜೊತೆಗೇ ಕೆಲವು ವರ್ಷಗಳಿಂದ ತೈಲವರ್ಣದಲ್ಲಿ ಚಿತ್ರ ಬರೆಯುತ್ತಿದ್ದೇನೆ. ಮನೆಯ ಮಹಡಿಯ ಮೇಲೆ ಉತ್ತರಕ್ಕೆ ಕಿಟಕಿಯಿರುವ ಒಂದು ಕೋಣೆಯೇ ನನ್ನ ಸ್ಟುಡಿಯೊ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ ದಿನಗಳಲ್ಲಿ ಮಲ್ಪೆ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಮಳೆ ಬಿಟ್ಟ ಹೊತ್ತಿನಲ್ಲಿ ಅಲ್ಲಿ ಕುಳಿತು ಪೆನ್ಸಿಲ್ ಮತ್ತು ಜಲವರ್ಣದಲ್ಲಿ ಸ್ಕೆಚ್ ಮಾಡುತ್ತೇನೆ. ನನ್ನ ಪುಸ್ತಕದ ಹಾಳೆ ಒಂಬತ್ತು ಅಂಗುಲ ಅಗಲ, ಆರು ಅಂಗುಲ ಎತ್ತರದ್ದು. ಆ ಸ್ಕೆಚ್‌ಗಳನ್ನು ನೋಡಿದವರೆಲ್ಲ ಬೋಟುಗಳ ಒತ್ತೊತ್ತು, ಒದ್ದೆ ಹಗ್ಗದ ಭಾರ, ಮೋಡದ ಕೆಳಗಿನ ಆ ಮಂಕು ಬೆಳಕು ಚೆನ್ನಾಗಿ ಬಂದಿದೆ ಎನ್ನುತ್ತಾರೆ, ನನಗೂ ಹಾಗೆಯೇ ಅನಿಸುತ್ತದೆ.

ಆದರೆ ಅದೇ ದೃಶ್ಯವನ್ನು ನಾಲ್ಕು ಅಡಿ ಅಗಲ, ಮೂರು ಅಡಿ ಎತ್ತರದ ಕ್ಯಾನ್ವಾಸಿಗೆ ತಂದಾಗ ಎಲ್ಲವೂ ಸರಿಯಾದ ಜಾಗದಲ್ಲಿದ್ದರೂ ಚಿತ್ರ ಸಪ್ಪೆಯಾಗುತ್ತದೆ. ಚೌಕಳಿ ಹಾಕಿ ಹಿಗ್ಗಿಸುತ್ತೇನೆ, ಬಣ್ಣಗಳನ್ನು ಸ್ಕೆಚ್ ಪಕ್ಕದಲ್ಲಿಟ್ಟುಕೊಂಡು ಹೊಂದಿಸುತ್ತೇನೆ, ಯಾವ ಅವಸರವನ್ನೂ ಮಾಡುವುದಿಲ್ಲ. ಸ್ಟುಡಿಯೊದಲ್ಲಿ ನೀವು ಈ ಹಂತವನ್ನು ಹೇಗೆ ದಾಟುತ್ತೀರಿ? ಸ್ಕೆಚ್ ಇಲ್ಲದೆ ನೇರವಾಗಿ ಕ್ಯಾನ್ವಾಸಿನ ಮೇಲೆಯೇ ಆರಂಭಿಸುವುದು ಒಳ್ಳೆಯದೇ?

ಉತ್ತರ: ಹಳೆಯ ಈಸೆಲ್, ಬೆಂಗಳೂರು

ಪಡುಕಡಲು ಅವರೇ, ಸ್ಕೆಚ್ ಬಿಡಬೇಡಿ. ನೀವು ಕೊಟ್ಟ ಅಳತೆಗಳಲ್ಲೇ ನಿಮ್ಮ ತೊಂದರೆಯ ಒಂದು ಭಾಗ ಅಡಗಿದೆ. ಒಂಬತ್ತಕ್ಕೆ ಆರರ ಹಾಳೆಯನ್ನು ನಾಲ್ಕು ಅಡಿ ಅಗಲಕ್ಕೆ ಹಿಗ್ಗಿಸಿದರೆ ಅದರ ಎತ್ತರ 32 ಅಂಗುಲವಾಗಬೇಕು, ನಿಮ್ಮ ಕ್ಯಾನ್ವಾಸಿನ ಎತ್ತರವೋ 36 ಅಂಗುಲ. ಉಳಿದ ನಾಲ್ಕು ಅಂಗುಲವನ್ನು ನೀವು ಬಹುಶಃ ಆಕಾಶಕ್ಕೋ ಮುಂಭಾಗದ ನೀರಿಗೋ ಕೊಟ್ಟಿರುತ್ತೀರಿ. ಸ್ಕೆಚ್‌ನಲ್ಲಿ ಬೋಟುಗಳ ಒತ್ತೊತ್ತು ಕಾಣುತ್ತಿದ್ದುದು ಹಾಳೆಯ ಅಂಚು ಅವುಗಳನ್ನು ಮೇಲಿನಿಂದ ಅದುಮುತ್ತಿದ್ದುದರಿಂದಲೂ ಹೌದು. ಅಂಚು ಸರಿದ ಕೂಡಲೇ ಬೋಟುಗಳಿಗೆ ಉಸಿರಾಡಲು ಜಾಗ ಸಿಕ್ಕಿತು, ಒತ್ತಡ ಹೋಯಿತು. ಪ್ರತಿಯೊಂದು ಬೋಟೂ ಸರಿಯಾದ ಜಾಗದಲ್ಲಿದ್ದರೂ ಚಿತ್ರ ಬೇರೆಯಾಗುವುದು ಹೀಗೆ. ಮುಂದಿನ ಬಾರಿ 48ಕ್ಕೆ 32 ಅಂಗುಲದ ಸ್ಟ್ರೆಚರ್, ಅಂದರೆ ಕ್ಯಾನ್ವಾಸ್ ಬಿಗಿಯುವ ಮರದ ಚೌಕಟ್ಟು, ಮಾಡಿಸಿ, ಇಲ್ಲವೇ ಸ್ಕೆಚ್ ಮಾಡುವಾಗಲೇ ಹಾಳೆಯ ಮೇಲೆ ನಾಲ್ಕಕ್ಕೆ ಮೂರರ ಪ್ರಮಾಣದ ಗೆರೆ ಎಳೆದುಕೊಂಡು ಅದರೊಳಗೆ ಬರೆಯಿರಿ.

ಎರಡನೆಯ ಭಾಗ ಕುಂಚಕ್ಕೆ ಸಂಬಂಧಿಸಿದ್ದು. ನಿಮ್ಮ ಹಾಳೆಯ ವಿಸ್ತೀರ್ಣ 54 ಚದರ ಅಂಗುಲ, ಕ್ಯಾನ್ವಾಸಿನದು 1728, ಅಂದರೆ 32 ಪಟ್ಟು. ಸ್ಕೆಚ್‌ನಲ್ಲಿ ಪೆನ್ಸಿಲನ್ನು ಓರೆಯಾಗಿ ಹಿಡಿದು ಕಾಲು ಅಂಗುಲ ಅಗಲದ ನೆರಳನ್ನು ಒಂದೇ ಎಳೆತದಲ್ಲಿ ಹಾಕಿದ್ದರೆ ಕ್ಯಾನ್ವಾಸಿನಲ್ಲಿ ಅದು ಒಂದೂಕಾಲು ಅಂಗುಲಕ್ಕೂ ಹೆಚ್ಚು ಅಗಲದ ಎಳೆತವಾಗಬೇಕು. ಅಲ್ಲಿ ನಾವು ಸಾಮಾನ್ಯವಾಗಿ ಕಾಲು ಅಂಗುಲದ ಕುಂಚ ಹಿಡಿದು ಅದೇ ನೆರಳನ್ನು ಹತ್ತಾರು ಎಳೆತಗಳಲ್ಲಿ ತುಂಬುತ್ತೇವೆ. ಒಂದು ಹೇಳಿಕೆ ಇದ್ದ ಕಡೆ ಹತ್ತು ಅಂಜಿಕೆಯ ಹೇಳಿಕೆಗಳು ಬಂದು ಕೂರುತ್ತವೆ. ಆರಂಭದ ಇಡೀ ದಿನ ಎರಡಂಗುಲದ ಚಪ್ಪಟೆ ಕುಂಚವನ್ನಲ್ಲದೆ ಬೇರೇನನ್ನೂ ಮುಟ್ಟದೆ, ನಿಂತುಕೊಂಡು, ಭುಜದಿಂದ ಕೈ ಬೀಸಿ ಕೆಲಸ ಮಾಡಿ ನೋಡಿ.

ಇದಕ್ಕಿಂತಲೂ ಮುಖ್ಯವಾದ ಸಂಗತಿಯೊಂದಿದೆ. ಸ್ಕೆಚ್ ಮಾಡುವಾಗ ಬಂದರಿನಲ್ಲಿ ಕುಳಿತ ನೀವು ಯಾವ ಬೋಟು ಬೇಕು, ಯಾವ ಹಗ್ಗ ಬೇಡ, ಎಲ್ಲಿ ಬಿಳಿ ಉಳಿಸಬೇಕು ಎಂಬುದನ್ನು ಕ್ಷಣಕ್ಷಣಕ್ಕೂ ತೀರ್ಮಾನಿಸುತ್ತಿದ್ದಿರಿ, ಆ ಹಾಳೆಯ ಜೀವ ಆ ತೀರ್ಮಾನಗಳದ್ದೇ. ಸ್ಟುಡಿಯೊಗೆ ಬಂದಾಗ ಎಲ್ಲವೂ ತೀರ್ಮಾನವಾಗಿಬಿಟ್ಟಿದ್ದರೆ ಕೈಗೆ ಉಳಿಯುವುದು ನಕಲಿನ ಕೆಲಸ ಮಾತ್ರ. ಆದ್ದರಿಂದ ಸ್ಕೆಚ್ ಹಂತದಲ್ಲಿ ಏನನ್ನು ಮುಗಿಸಬೇಕು, ಕ್ಯಾನ್ವಾಸಿಗೆ ಏನನ್ನು ಬಿಡಬೇಕು ಎಂಬುದನ್ನು ಪ್ರತಿಯೊಬ್ಬ ಚಿತ್ರಕಾರನೂ ತನಗೆ ತಾನೇ ಗೊತ್ತುಮಾಡಿಕೊಳ್ಳಬೇಕಾಗುತ್ತದೆ. ನಾನು ಸಂಯೋಜನೆಯನ್ನೂ ಕಪ್ಪು, ನಡುಛಾಯೆ, ಬಿಳುಪು ಎಂಬ ಮೂರು ಛಾಯೆಗಳ ಹಂಚಿಕೆಯನ್ನೂ ಮೊದಲೇ ಮುಗಿಸುತ್ತೇನೆ, ಬಣ್ಣವನ್ನೂ ಆಕಾರಗಳ ಅಂಚುಗಳನ್ನೂ ಪೂರ್ತಿಯಾಗಿ ಕ್ಯಾನ್ವಾಸಿಗೆ ಬಿಡುತ್ತೇನೆ.

ಇಂಗ್ಲೆಂಡಿನ ಚಿತ್ರಕಾರ ಜಾನ್ ಕಾನ್‌ಸ್ಟೆಬಲ್ ಈ ಕಂದಕವನ್ನು ದಾಟಿದ ರೀತಿ ನನಗೆ ಬಹಳ ಪ್ರಿಯವಾದದ್ದು. ಸಫಕ್ ಸೀಮೆಯ ನದಿದಂಡೆಯ ಸಣ್ಣ ಸ್ಕೆಚ್‌ಗಳನ್ನು ಅವನು ಲಂಡನ್ನಿನ ಸ್ಟುಡಿಯೊದಲ್ಲಿ ಆರು ಅಡಿ ಅಗಲದ ಚಿತ್ರಗಳಾಗಿ ಬೆಳೆಸುತ್ತಿದ್ದ. 1821ರಲ್ಲಿ ಪ್ರದರ್ಶಿಸಿದ 'ದಿ ಹೇ ವೇನ್' ಚಿತ್ರಕ್ಕೆ ಮುಂಚೆ ಹೆಚ್ಚುಕಡಿಮೆ ಅದೇ ಗಾತ್ರದ ಇನ್ನೊಂದು ಕ್ಯಾನ್ವಾಸಿನ ಮೇಲೆ ಒರಟಾದ, ವೇಗದ ತೈಲ ಕರಡನ್ನು ಪೂರ್ಣವಾಗಿ ಬರೆದ. ಆ ಕರಡು ಇಂದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ, ಪೂರ್ಣಚಿತ್ರ ಅದೇ ನಗರದ ನ್ಯಾಷನಲ್ ಗ್ಯಾಲರಿಯಲ್ಲಿದೆ. ಕರಡಿನಲ್ಲಿ ದಂಡೆಯ ಬಳಿಯಿದ್ದ ಕುದುರೆ ಸವಾರ ಪೂರ್ಣಚಿತ್ರದಲ್ಲಿಲ್ಲ. ದೊಡ್ಡ ಗಾತ್ರದಲ್ಲಿ ಮಾತ್ರ ಹುಟ್ಟುವ ಪ್ರಶ್ನೆಗಳನ್ನು ಅವನು ದೊಡ್ಡ ಗಾತ್ರದಲ್ಲೇ ಬಿಡಿಸಿಕೊಂಡ. ನಮಗೆ ಅಷ್ಟು ಕ್ಯಾನ್ವಾಸ್ ಖರ್ಚು ಮಾಡಲು ಆಗದಿರಬಹುದು. ಕಂದು ಬಣ್ಣದ ಪ್ಯಾಕಿಂಗ್ ಕಾಗದವನ್ನು ಗೋಡೆಗೆ ಅಂಟಿಸಿ ಇದ್ದಿಲು ಮತ್ತು ಬಿಳಿ ಪೋಸ್ಟರ್ ಬಣ್ಣದಲ್ಲಿ ಪೂರ್ಣಗಾತ್ರದ ಕರಡು ಮಾಡಿಕೊಂಡರೂ ಉದ್ದೇಶ ನೆರವೇರುತ್ತದೆ.

ಉತ್ತರ: ಹುಣಸೆ ಇದ್ದಿಲು, ಮೈಸೂರು

ಹಿಂದಿನ ಉತ್ತರದಲ್ಲಿ ಸರ್ ಅವರು ಹೇಳಿದ ಅಳತೆಯ ಮಾತನ್ನು ಒಪ್ಪುತ್ತೇನೆ. ಆದರೆ ಎಲ್ಲವೂ ಮೊದಲೇ ತೀರ್ಮಾನವಾದರೆ ಚಿತ್ರ ಸಾಯುತ್ತದೆ ಎಂಬ ಮಾತಿಗೆ ನನ್ನ ಸಹಮತವಿಲ್ಲ, ಏಕೆಂದರೆ ನಾನು ಕಲಿತ ಮೈಸೂರು ಸಾಂಪ್ರದಾಯಿಕ ಶೈಲಿಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಮೊದಲೇ ತೀರ್ಮಾನವಾಗಿರುತ್ತದೆ. ದೇವತೆಗೆ ಎಷ್ಟು ಕೈ, ಯಾವ ಕೈಯಲ್ಲಿ ಯಾವ ಆಯುಧ, ಮೈಬಣ್ಣ ಯಾವುದು ಎಂಬುದನ್ನು ಧ್ಯಾನಶ್ಲೋಕಗಳು ಹೇಳುತ್ತವೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸಿದ್ಧವಾದ 'ಶ್ರೀತತ್ತ್ವನಿಧಿ' ಅವುಗಳ ಭಂಡಾರ. ಕೆಲಸದ ಕ್ರಮವೂ ಬಿಗಿಯಾದದ್ದು. ಹಿಂದಿನವರು ಹುಣಸೆ ಕಡ್ಡಿಯನ್ನು ಸುಟ್ಟು ಮಾಡಿಕೊಂಡ ಇದ್ದಿಲಿನಿಂದ ರೇಖೆ ಹಾಕುತ್ತಿದ್ದರು. ಆಮೇಲೆ ಒಡವೆ, ಕಿರೀಟ, ಪ್ರಭಾವಳಿಗಳ ಜಾಗದಲ್ಲಿ ಸಫೇದ ಎಂಬ ಬಿಳಿ ಪುಡಿ ಮತ್ತು ಅಂಟು ಸೇರಿದ ಲೇಪದಿಂದ ತೆಳುವಾದ ಉಬ್ಬುಕೆಲಸ, ಅದರ ಮೇಲೆ ಚಿನ್ನದ ರೇಕು, ಅದಾದ ಮೇಲಷ್ಟೇ ಬಣ್ಣ. ತಂಜಾವೂರು ಶೈಲಿಯ ಎತ್ತರದ ಉಬ್ಬಿಗೆ ಹೋಲಿಸಿದರೆ ನಮ್ಮದು ಬಹಳ ತಗ್ಗಿನದು, ಹಾಗಾಗಿ ಆ ಹಂತದಲ್ಲಿ ಕೈ ಒಂದಿಷ್ಟು ದಪ್ಪ ಮಾಡಿದರೂ ಕಣ್ಣಿಗೆ ಹೊಡೆಯುತ್ತದೆ.

ಇಷ್ಟೆಲ್ಲ ನಿಶ್ಚಿತವಾಗಿದ್ದರೂ ಒಬ್ಬ ಸಮರ್ಥ ಕಲಾವಿದರ ಚಾಮುಂಡಿಗೂ ಇನ್ನೊಬ್ಬರ ಚಾಮುಂಡಿಗೂ ಇರುವ ವ್ಯತ್ಯಾಸ ದೂರದಿಂದಲೇ ಗೊತ್ತಾಗುತ್ತದೆ. ಬಣ್ಣದ ಕೆಲಸ ಮುಗಿದ ಮೇಲೆ ಹುಬ್ಬು, ರೆಪ್ಪೆ, ಬೆರಳುಗಳ ಅಂಚು, ಸೆರಗಿನ ಮಡಿಕೆಗಳಿಗೆ ಅತಿ ಸಣ್ಣ ಕುಂಚದಿಂದ ಮತ್ತೊಮ್ಮೆ ರೇಖೆ ಕೊಡುತ್ತೇವೆ. ಕೆಳಗಿರುವ ಹಳೆಯ ರೇಖೆ ಆಗ ಬಣ್ಣದಲ್ಲಿ ಅರ್ಧ ಮುಚ್ಚಿಹೋಗಿರುತ್ತದೆ. ಅದನ್ನು ತಡವರಿಸುತ್ತ ಹುಡುಕಿ ಅದರ ಮೇಲೆಯೇ ಕುಂಚ ಎಳೆದವರ ರೇಖೆ ನಡುಗುತ್ತದೆ. ಅದು ಎಲ್ಲಿಂದ ಹೊರಟು ಎಲ್ಲಿ ನಿಲ್ಲಬೇಕೆಂಬುದನ್ನು ಮೊದಲು ಕಣ್ಣಿನಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಒಂದೇ ಸಲಕ್ಕೆ ಎಳೆದವರ ರೇಖೆ ನಿಲ್ಲುತ್ತದೆ. ಆದ್ದರಿಂದ ತೊಂದರೆ ತೀರ್ಮಾನ ಮೊದಲೇ ಆಗಿರುವುದರಲ್ಲಿಲ್ಲ, ಹಳೆಯ ಗುರುತನ್ನು ಅನುಸರಿಸುವ ಕೈಯ ರೀತಿಯಲ್ಲಿದೆ ಎಂಬುದು ನನ್ನ ನಂಬಿಕೆ. ಪಡುಕಡಲು ಅವರು ಚೌಕಳಿಯನ್ನು ಬಳಸಲಿ. ಆದರೆ ಪ್ರತಿ ಚೌಕದೊಳಗೆ ಏನಿದೆಯೆಂದು ನೋಡಿ ತುಂಬುವ ಬದಲು, ಬೋಟಿನ ಮೂತಿಯಿಂದ ಹಿಂಭಾಗದವರೆಗಿನ ಇಡೀ ಬಾಗು ಯಾವ ಯಾವ ಚೌಕಗಳನ್ನು ಎಲ್ಲೆಲ್ಲಿ ದಾಟುತ್ತದೆ ಎಂಬ ನಾಲ್ಕೈದು ಚುಕ್ಕಿಗಳನ್ನು ಮಾತ್ರ ಇಟ್ಟುಕೊಂಡು, ಬಾಗನ್ನು ಒಂದೇ ಎಳೆತದಲ್ಲಿ ಬರೆಯಲಿ. ಸರಿಬರದಿದ್ದರೆ ಒರೆಸಿ ಮತ್ತೆ ಬರೆಯಲಿ. ತಿದ್ದಿ ಕೂಡಿಸಬಾರದು.

ಉತ್ತರ: ಬಯಲುಸೀಮೆ, ಧಾರವಾಡ

ಇಬ್ಬರ ಮಾತಿನ ನಡುವೆ ನನ್ನದೊಂದು ಅನುಭವ ಸೇರಿಸುತ್ತೇನೆ. ನಾನು ಕ್ಯಾನ್ವಾಸ್ ಆರಂಭಿಸುವ ಮುನ್ನ ಸ್ಕೆಚ್ ಪುಸ್ತಕವನ್ನು ಮುಚ್ಚಿಟ್ಟು ಅದೇ ದೃಶ್ಯವನ್ನು ನೆನಪಿನಿಂದ ಬೇರೆ ಬೇರೆ ಹಾಳೆಗಳಲ್ಲಿ ಮತ್ತೆ ಮತ್ತೆ ಬರೆಯುತ್ತೇನೆ. ಪ್ರತಿ ಸಲವೂ ಉಳಿದುಕೊಂಡು ಬರುವ ಅಂಶಗಳೇ ಚಿತ್ರದ ಬೆನ್ನೆಲುಬು. ಬಿಟ್ಟುಹೋಗುವುದನ್ನು ಕ್ಯಾನ್ವಾಸಿನಲ್ಲೂ ಬಿಡಬಹುದು. ನಿಮ್ಮ ಊರಿನ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಚಿತ್ರಕಾರ ಕೆ.ಕೆ. ಹೆಬ್ಬಾರರು ಲಯವನ್ನು ಅರಿಯುವುದಕ್ಕಾಗಿ ಕಥಕ್ ನೃತ್ಯವನ್ನೇ ಕಲಿತರು. ನರ್ತಕಿಯರನ್ನು ಬರೆದ ಅವರ ರೇಖಾಚಿತ್ರಗಳಲ್ಲಿ ಕೆಲವೇ ಗೆರೆಗಳಿದ್ದರೂ ಮೈಯ ತೂಕ ಯಾವ ಕಾಲಿನ ಮೇಲಿದೆ ಎಂಬುದು ತಿಳಿಯುತ್ತದೆ. ದೃಶ್ಯ ಮೊದಲು ಮೈಗೆ ಬರಬೇಕು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತೋಚದು.

ಫ್ರಾನ್ಸಿನ ಚಿತ್ರಕಾರ ಬೊನಾರ್ ಕೂಡ ದೃಶ್ಯದ ಮುಂದೆ ಕುಳಿತು ಬಣ್ಣ ಹಚ್ಚುತ್ತಿರಲಿಲ್ಲ. ಜೇಬಿನ ದಿನಚರಿಗಳಲ್ಲಿ ಸಣ್ಣ ಪೆನ್ಸಿಲ್ ಚಿತ್ರಗಳನ್ನು ಮಾಡಿಕೊಂಡು, ಲ ಕಾನೆ ಊರಿನ ಮನೆಯ ಗೋಡೆಗೆ ಚೌಕಟ್ಟಿಲ್ಲದ ಕ್ಯಾನ್ವಾಸುಗಳನ್ನು ಮೊಳೆ ಹೊಡೆದು ಹರಡಿ, ಹಲವನ್ನು ಒಟ್ಟಿಗೇ ನೆನಪಿನಿಂದ ಬೆಳೆಸುತ್ತಿದ್ದ. ಚಿತ್ರದ ಅಂಚು ಎಲ್ಲಿ ಬರಬೇಕೆಂಬುದು ಕೆಲಸ ಸಾಗಿದ ಮೇಲೆ ಗೊತ್ತಾಗುತ್ತಿತ್ತು. ನಿಮ್ಮ ಆ ನಾಲ್ಕು ಅಂಗುಲದ ತೊಡಕಿಗೆ ಇದೂ ಒಂದು ಪರಿಹಾರವೇ: ಕ್ಯಾನ್ವಾಸನ್ನು ಪ್ಲೈವುಡ್ ಹಲಗೆಗೆ ಪಿನ್ ಮಾಡಿ ಬರೆದು, ಮುಗಿದ ಮೇಲೆ ಚೌಕಟ್ಟಿಗೆ ಎಳೆಸಿ.

ಇನ್ನೊಂದು ಅಭ್ಯಾಸವನ್ನೂ ತಪ್ಪದೆ ಇಟ್ಟುಕೊಳ್ಳಿ. ಪ್ರತಿ ದಿನದ ಕೆಲಸ ಮುಗಿದಾಗ ಮೊಬೈಲಿನಲ್ಲಿ ಒಂದೇ ಜಾಗದಿಂದ ಚಿತ್ರದ ಫೋಟೊ ತೆಗೆಯಿರಿ. ಫ್ರಾನ್ಸಿನವನೇ ಆದ ಚಿತ್ರಕಾರ ಮಾತೀಸ್ 1935ರಲ್ಲಿ, ಈಗ ಬಾಲ್ಟಿಮೋರ್ ವಸ್ತುಸಂಗ್ರಹಾಲಯದಲ್ಲಿರುವ ಒರಗಿದ ನಗ್ನ ಸ್ತ್ರೀಯ ದೊಡ್ಡ ಚಿತ್ರ ಬರೆಯುವಾಗ, ಅದರ 22 ಹಂತಗಳನ್ನು ಫೋಟೊಗಳಲ್ಲಿ ಉಳಿಸಿದ್ದ. ಮೊದಲ ಹಂತಗಳ ಸಹಜ ಮೈಕಟ್ಟು ಕೊನೆಗೆ ಹೇಗೆ ಚೌಕಟ್ಟಿನ ತುಂಬ ಚಾಚಿದ ಚಪ್ಪಟೆ ಆಕಾರವಾಯಿತೆಂಬುದನ್ನು ಅವುಗಳಲ್ಲಿ ನೋಡಬಹುದು. ಚಿತ್ರದ ಜೀವ ಯಾವ ದಿನ ಹೋಯಿತೆಂಬುದನ್ನು ನಿಮ್ಮ ಫೋಟೊಗಳೂ ನಿಮಗೆ ತೋರಿಸುತ್ತವೆ.

ಪಡುಕಡಲು, ಉಡುಪಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದ. ಅಂಚಿನ ವಿಷಯವನ್ನು ಓದಿದ ಕೂಡಲೇ ಕಂದು ಕಾಗದದ ಪಟ್ಟಿಯಿಂದ ಕ್ಯಾನ್ವಾಸಿನ ಮೇಲಿನ ನಾಲ್ಕು ಅಂಗುಲವನ್ನು ಮುಚ್ಚಿ ನೋಡಿದೆ. ಬೋಟುಗಳು ಮತ್ತೆ ಒತ್ತಿಕೊಂಡು ನಿಂತವು. ಈಗ ಇನ್ನೊಂದು ಸಂದೇಹ. ದೊಡ್ಡ ಕುಂಚದಿಂದ ಮೊದಲ ಪದರವನ್ನು ಧೈರ್ಯವಾಗಿ ಹಾಕಿದರೂ ನಮ್ಮ ಕರಾವಳಿಯ ಮಳೆಗಾಲದಲ್ಲಿ ಅದು ವಾರ ಕಳೆದರೂ ಒಣಗುವುದಿಲ್ಲ. ಹಸಿಯ ಮೇಲೆ ಹಚ್ಚಿದರೆ ಎಲ್ಲ ಬಣ್ಣಗಳೂ ಕಲಸಿ ಬೂದಿಬಣ್ಣವಾಗುತ್ತವೆ, ಕಾದರೆ ಮನಸ್ಸಿನ ಬಿಸಿ ಆರುತ್ತದೆ. ಏನು ಮಾಡಲಿ?

ಉತ್ತರ: ಹಳೆಯ ಈಸೆಲ್, ಬೆಂಗಳೂರು

ತೈಲವರ್ಣ ಒಣಗುವುದು ನೀರು ಆವಿಯಾಗುವಂತೆ ಅಲ್ಲ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಯಾಗುತ್ತದೆ, ತೇವದ ಮತ್ತು ತಂಪಿನ ಗಾಳಿಯಲ್ಲಿ ಆ ಕ್ರಿಯೆ ನಿಧಾನವಾಗುತ್ತದೆ. ಹಾಗಾಗಿ ಮಳೆಗಾಲದಲ್ಲಿ ಮೊದಲ ಪದರವನ್ನು ನೀರು ಬೆರೆಸಿ ಹಚ್ಚುವ, ಬೇಗ ಒಣಗುವ ಅಕ್ರಿಲಿಕ್‌ನಲ್ಲಿ ತೆಳುವಾಗಿ ಹಾಕಿಬಿಡಿ. ಅಕ್ರಿಲಿಕ್ ಪ್ರೈಮರ್ ಹಚ್ಚಿದ ಕ್ಯಾನ್ವಾಸಾದರೆ ಅದರ ಮೇಲೆ ತೈಲವರ್ಣ ಚೆನ್ನಾಗಿ ಕೂರುತ್ತದೆ. ತೈಲದ ಮೇಲೆ ಅಕ್ರಿಲಿಕ್ ಮಾತ್ರ ಎಂದಿಗೂ ಹಚ್ಚಬಾರದು, ಸಿಪ್ಪೆಯಂತೆ ಏಳುತ್ತದೆ. ತೈಲದಲ್ಲೇ ಆರಂಭಿಸುವ ಮನಸ್ಸಿದ್ದರೆ ಮೊದಲ ಪದರದ ಗಾಢ ಬಣ್ಣಗಳಿಗೆ ಬರ್ನ್ಟ್ ಅಂಬರ್ ಎಂಬ ಕಡುಗಂದು ಬಣ್ಣ ಬಳಸಿ. ಅದರಲ್ಲಿರುವ ಮ್ಯಾಂಗನೀಸ್ ಎಣ್ಣೆಯನ್ನು ಬೇಗ ಒಣಗಿಸುತ್ತದೆ. ಐವರಿ ಬ್ಲ್ಯಾಕ್ ಎಂಬ ಕಪ್ಪು ಬಣ್ಣ ಬಹಳ ನಿಧಾನವಾಗಿ ಒಣಗುವುದರಿಂದ ಅದನ್ನು ಕೊನೆಯ ಪದರಗಳಿಗೆ ಉಳಿಸಿಕೊಳ್ಳಿ. ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲಿನ ಪದರದಲ್ಲಿ ಹೆಚ್ಚು ಎಂಬ ಕ್ರಮ ತಪ್ಪಿದರೆ ಮುಂದೆ ಬಿರುಕು ಬಿಡುತ್ತದೆ.

ಕಾಯುವ ದಿನಗಳಿಗೆ ಇನ್ನೂ ಎರಡು ಕ್ಯಾನ್ವಾಸುಗಳನ್ನು ಜೊತೆಗೇ ಆರಂಭಿಸಿಟ್ಟುಕೊಳ್ಳಿ. ಬಿಸಿ ಆರದಂತೆ ಉಳಿಸಿಕೊಳ್ಳಲು ನನಗೆ ತಿಳಿದ ಉಪಾಯ ಅದೊಂದೇ. ಒಣಗಲು ಇಟ್ಟ ಕ್ಯಾನ್ವಾಸನ್ನು ಗೋಡೆಗೆ ತಾಗಿಸದೆ ನಾಲ್ಕು ಬೆರಳು ದೂರದಲ್ಲಿ ನಿಲ್ಲಿಸಿ, ಇಲ್ಲವಾದರೆ ಹಿಂಬದಿಗೆ ಬೂಷ್ಟು ಹಿಡಿಯುತ್ತದೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಸಣ್ಣ ವೇಗದ ಫ್ಯಾನ್ ಓಡುತ್ತಿರಲಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಹುಟ್ಟುವ ಶಾಖ ಒಳಗೇ ಸೇರಿ ಅವು ತಾವಾಗಿಯೇ ಹೊತ್ತಿಕೊಳ್ಳುತ್ತವೆ. ಮುಚ್ಚಳವಿರುವ ತಗಡಿನ ಡಬ್ಬದಲ್ಲಿ ನೀರು ತುಂಬಿ ಅದರಲ್ಲಿ ಮುಳುಗಿಸಿಡಿ. ಈಗಿನ ಕ್ಯಾನ್ವಾಸಿನ ಮೇಲಿನ ನಾಲ್ಕು ಅಂಗುಲವನ್ನು ಕತ್ತರಿಸುವ ಮುನ್ನ ಕಾಗದದ ಪಟ್ಟಿಯನ್ನು ಹಾಗೆಯೇ ಬಿಟ್ಟು ಬೋಟುಗಳ ಭಾಗದಲ್ಲಿ ಕೆಲಸ ಮುಂದುವರಿಸಿ, ಮಳೆ ನಿಂತ ಮೇಲೆ ಚೌಕಟ್ಟು ಬದಲಿಸಿದರೆ ಸಾಕು.