ಮೇಜಿಗೆ ಮರದ ಕಾಲು ನಾನೇ ಮಾಡಿದೆ, ಈಗ ಟೈಪ್ ಮಾಡಿದರೆ ಮಾನಿಟರ್ ಕುಣಿಯುತ್ತಿದೆ

ಭಾನುವಾರದ ಬಡಗಿ

ಎಲ್ಲರಿಗೂ ನಮಸ್ಕಾರ. ವಾರಕ್ಕೆ ಐದು ದಿನ ಕೋಡ್ ಬರೆಯುತ್ತೇನೆ, ಭಾನುವಾರ ಮಾತ್ರ ಗರಗಸ ಹಿಡಿಯುತ್ತೇನೆ. ಬೆಂಗಳೂರಿನ ಬಾಡಿಗೆ ಮನೆ, ಕೆಲಸವೆಲ್ಲ ಬಾಲ್ಕನಿಯಲ್ಲಿ. ಕೆಳಗಿನ ಮನೆಯವರು ಈಗಾಗಲೇ ಎರಡು ಸಲ ಮೇಲೆ ಬಂದು ಹೋಗಿದ್ದಾರೆ, ಅದು ಬಿಡಿ.

ಕೆಲಸಕ್ಕೆ ಕೂರಲು ಒಂದು ಮೇಜು ಮಾಡಿಕೊಂಡೆ. ಹಲಗೆ 4 ಅಡಿಗೆ 2 ಅಡಿ, 18 ಮಿ.ಮೀ. ಪ್ಲೈವುಡ್, ಮೇಲೆ ಮೈಕಾ. ಕಾಲು ಮಾತ್ರ ಹಳೆ ಪತ್ರಿಕೆಗಳ ಫೋಟೋದಲ್ಲಿ ಇರುತ್ತದಲ್ಲ, ದುಂಡಗೆ, ಕೆಳಗೆ ಹೋಗ್ತಾ ಸಣ್ಣಗಾಗುತ್ತಾ, ಸ್ವಲ್ಪ ಹೊರಕ್ಕೆ ವಾಲಿದ ಹಾಗೆ, ಅಂಥದ್ದೇ ಬೇಕು ಅಂತ ಹಟ. ಸಿಲ್ವರ್ ಓಕ್ ತಂದು ಲೇತ್‌ನಲ್ಲಿ ತಿರುಗಿಸಿಕೊಂಡು ಬಂದೆ. ಮೇಲೆ 40 ಮಿ.ಮೀ., ಕೆಳಗೆ 25. ಪ್ರತಿ ಕಾಲಿನ ತಲೆಗೂ ಒಂದು ಬೋಲ್ಟ್ ಇಳಿಸಿ, ಅದನ್ನು ಕಬ್ಬಿಣದ ಪ್ಲೇಟಿಗೆ ತಿರುಗಿಸಿ, ಪ್ಲೇಟನ್ನು ಹಲಗೆಯ ಅಡಿಗೆ ನಾಲ್ಕು ಅರ್ಧ ಇಂಚಿನ ಸ್ಕ್ರೂ ಹಾಕಿ ಕೂರಿಸಿದ್ದೇನೆ. ನಡುವೆ ಬೆಣೆ ಥರದ ತುಂಡು, ಅಗಲಕ್ಕೂ ಉದ್ದಕ್ಕೂ 10 ಡಿಗ್ರಿ ವಾಲುವ ಹಾಗೆ.

ನೋಡೋಕೆ ಚೆಂದ. ಆದರೆ ಟೈಪ್ ಮಾಡಿದರೆ ಮಾನಿಟರ್ ತಲೆ ಅಲ್ಲಾಡಿಸುತ್ತದೆ, ಮೊಣಕೈ ಊರಿದರೆ ಇಡೀ ಮೇಜು ಪಕ್ಕಕ್ಕೆ ಸರಿದ ಹಾಗಾಗುತ್ತದೆ. ಎರಡನೇದು, ಕಾಲಿನ ಎತ್ತರ 720 ಬರಬೇಕು ಅಂತ ಲೆಕ್ಕ ಹಾಕಿ 731 ಮಿ.ಮೀ.ಗೆ ಕತ್ತರಿಸಿದ್ದೆ, ಆದರೂ ಒಂದು ಸೆಂಟಿಮೀಟರ್ ಗಿಡ್ಡ ಬಂದಿದೆ. ಕಾಲು ಸಣ್ಣ ಆಯಿತಾ? ಮರ ತಪ್ಪಾಯಿತಾ? ಇನ್ನೂ ದಪ್ಪ ಮಾಡಿಸಲಾ?

ಮತ್ತಿಮರ

ಕಾಲು ದಪ್ಪ ಮಾಡಿಸಬೇಡಿ. ಕಾಲಿನದು ತಪ್ಪೇ ಇಲ್ಲ, ತಪ್ಪಿರುವುದು ಕುತ್ತಿಗೆಯಲ್ಲಿ, ಅಂದರೆ ಕಾಲು ಹಲಗೆಗೆ ಸೇರುವ ಕಡೆ.

ಒಂದು ಸಲ ಮೇಜಿನ ಕೆಳಗೆ ಮಲಗಿಕೊಂಡು, ಮನೆಯವರಿಗೆ ಮೇಲಿನಿಂದ ಅಲ್ಲಾಡಿಸಲು ಹೇಳಿ, ಕಾಲಿನ ತಲೆ ಹತ್ತಿರ ಟಾರ್ಚ್ ಬಿಟ್ಟು ನೋಡಿ. ಕಾಲು ಬಾಗುತ್ತಿರುವುದಿಲ್ಲ. ಪ್ಲೇಟಿನ ಒಂದು ಅಂಚು ಹಲಗೆಯಿಂದ ಕೂದಲೆಳೆಯಷ್ಟು ಎದ್ದು ಮತ್ತೆ ಕೂರುತ್ತಿರುತ್ತದೆ. 70 ಸೆಂ.ಮೀ. ಉದ್ದದ ಕಾಲು ಅಂದರೆ ಒಂದು ಹಾರೆ ಇದ್ದ ಹಾಗೆ, ತುದಿಯಲ್ಲಿ ಸ್ವಲ್ಪ ತಳ್ಳಿದರೂ ಬುಡದಲ್ಲಿ ಅದರ ಎಷ್ಟೋ ಪಟ್ಟು ಬಲ ಬೀಳುತ್ತದೆ. ಅಷ್ಟನ್ನೂ ತಡೆಯೋಕೆ ನೀವು ಕೊಟ್ಟಿರುವುದು ಅರ್ಧ ಇಂಚಿನ ನಾಲ್ಕು ಸ್ಕ್ರೂ, ಪಾಪ. ಅದರ ಜೊತೆಗೆ ಕಾಲಿನ ತಲೆಗೆ ಇಳಿಸಿದ ಬೋಲ್ಟು ಮರದ ಎಳೆಯ ಉದ್ದಕ್ಕೇ ಇಳಿದಿದೆ. ಹಾಗೆ ಇಳಿದ ಬೋಲ್ಟಿಗೆ ಹಿಡಿತ ಕಡಿಮೆ. ಎಳೆಗೆ ಅಡ್ಡಲಾಗಿ ಹಾಕಿದ್ದು ಹಿಡಿಯುವಷ್ಟು ಅದು ಹಿಡಿಯುವುದಿಲ್ಲ. ಇವತ್ತು ಬಿಗಿ ಮಾಡಿದರೆ ದೀಪಾವಳಿ ಹೊತ್ತಿಗೆ ಮತ್ತೆ ಸಡಿಲ.

ನಮ್ಮಪ್ಪ ಶಿರಸಿ ಕಡೆ ಮರಗೆಲಸ ಮಾಡಿದವರು. ಮೇಜಿಗೆ ಮೊದಲು ಕಾಲು ಮಾಡುತ್ತಲೇ ಇರಲಿಲ್ಲ, ಮೊದಲು ಚೌಕಟ್ಟು. ಹಲಗೆಯ ಅಡಿಯಲ್ಲಿ ಸುತ್ತಲೂ ನಾಲ್ಕು ಪಟ್ಟಿ, ಮೂರು ಮೂರೂವರೆ ಇಂಚು ಅಗಲ, ಒಂದು ಇಂಚು ದಪ್ಪ. ಆ ಪಟ್ಟಿ ಕಾಲಿಗೆ ಸೇರುವ ಕಡೆ ಮೂರು ಇಂಚು ಉದ್ದಕ್ಕೂ ಕಾಲನ್ನು ಅಪ್ಪಿಕೊಂಡಿರುತ್ತದೆ. ಆಗ ಕಾಲು ತಿರುಚಿಕೊಳ್ಳೋಕೆ ಜಾಗವೇ ಇಲ್ಲ.

ಸೇರಿಸುವುದಕ್ಕೆ ಒಳ್ಳೆಯದು ಮಾರ್ಟಿಸ್ ಟೆನನ್. ಕಾಲಿನಲ್ಲಿ ಉದ್ದನೆಯ ತೂತು, ಪಟ್ಟಿಯ ತುದಿಯಲ್ಲಿ ಅದಕ್ಕೆ ಸರಿಯಾಗಿ ಕೂರುವ ನಾಲಿಗೆ. ಒಂದು ಇಂಚು ದಪ್ಪದ ಪಟ್ಟಿಗೆ ನಾಲಿಗೆ ದಪ್ಪ 8 ಮಿ.ಮೀ. ಸಾಕು, ಅಂದರೆ ಸುಮಾರು ಮೂರನೇ ಒಂದು ಭಾಗ. ನಾಲಿಗೆ ತೂತಿಗೆ ಕೈಯಲ್ಲಿ ಒತ್ತಿದರೆ ಹೋಗಬೇಕು, ಆದರೆ ಪಟ್ಟಿ ಹಿಡಿದು ಎತ್ತಿದಾಗ ಕಾಲು ಕೆಳಗೆ ಬೀಳಬಾರದು. ಅದೇ ಅಳತೆ. ಕೊಡತಿಯಲ್ಲಿ ಬಡಿದು ಕೂರಿಸಬೇಕಾದರೆ ಕಾಲು ಸೀಳುತ್ತದೆ, ಸಡಿಲ ಇದ್ದರೆ ಫೆವಿಕಾಲ್ ಅಂತರ ತುಂಬುತ್ತದೆ ಅಂತ ನಂಬಬೇಡಿ, ಅದು ತುಂಬುವುದಿಲ್ಲ. ಉಳಿ ಕೆಲಸ ಬರಲ್ಲ ಅಂದರೆ ಪ್ರತಿ ಸಂದಿಗೂ 8 ಮಿ.ಮೀ. ಡೋವೆಲ್ (ದುಂಡು ಮರದ ಗೂಟ) ಎರಡೆರಡು, ಒಳಮೂಲೆಗೆ ತ್ರಿಕೋನದ ಮರದ ತುಂಡು ಇಟ್ಟು ಸ್ಕ್ರೂ. ಬಾಡಿಗೆ ಮನೆ ಬದಲಿಸುವಾಗ ಬಿಚ್ಚಬೇಕು ಅಂದರೆ ಮಂಚಕ್ಕೆ ಹಾಕುತ್ತಾರಲ್ಲ, ಉದ್ದ ಬೋಲ್ಟು, ಅಡ್ಡಲಾಗಿ ಕೂರುವ ದುಂಡು ನಟ್ಟು, ಅದೇ ಹಾಕಿ.

ತೂತುಗಳನ್ನು ಕಾಲು ಇನ್ನೂ ಚೌಕವಾಗಿ ಇರುವಾಗಲೇ ಹೊಡೆದು ಮುಗಿಸಿ. ಸಣ್ಣ ಮಾಡುವ ಕೆಲಸ ಆಮೇಲೆ. ನಾನು ಒಂದು ಸಲ ಉಲ್ಟಾ ಮಾಡಿ, ಇಳಿಜಾರಾದ ಕಾಲನ್ನು ಮರ ಬಿಗಿದು ಹಿಡಿಯುವ ವೈಸ್‌ನಲ್ಲಿ ಹಿಡಿಸೋಕೆ ಆಗದೆ ಒಂದು ಇಡೀ ಸಂಜೆ ಒದ್ದಾಡಿದ್ದೇನೆ.

ಗಡಿಬಿಡಿ ಗಿರಾಕಿ

ಇಷ್ಟೆಲ್ಲಾ ಯಾಕೆ ಗುರು, ಸುಮ್ನೆ ವೆಲ್ಡಿಂಗ್ ಅಂಗಡಿಯಲ್ಲಿ ಚೌಕ ಪೈಪಿನ ಫ್ರೇಮ್ ಮಾಡಿಸಿ ಹಲಗೆ ಇಟ್ಟುಬಿಡಿ. ಒಂದೇ ದಿನದ ಕೆಲಸ.

ಮತ್ತಿಮರ

ಮಾಡಿಸಬಹುದು, ಗಟ್ಟಿಯಾಗಿಯೇ ಇರುತ್ತದೆ. ಅವರು ಕೇಳಿದ್ದು ಮರದ ಕಾಲಲ್ವಾ? ಬಿರಿಯಾನಿ ಕೇಳಿದವರಿಗೆ ಚಿತ್ರಾನ್ನ ಬೇಗ ಆಗುತ್ತದೆ ಅಂತ ಹೇಳಿದ ಹಾಗೆ.

ಲೆಕ್ಕದ ಮೇಷ್ಟ್ರು

ಒಂದು ಸೆಂಟಿಮೀಟರ್ ಎಲ್ಲಿ ಹೋಯಿತು ಅಂತ ಹೇಳುತ್ತೇನೆ. ನೀವು 720 ಅನ್ನು 10 ಡಿಗ್ರಿಯ ಕಾಸ್ (ಕೊಸೈನ್) ಬೆಲೆಯಿಂದ ಭಾಗಿಸಿದ್ದೀರಿ, 731 ಬಂದಿದೆ. ಕಾಲು ಒಂದೇ ಕಡೆಗೆ ವಾಲಿದ್ದರೆ ಅದು ಸರಿ. ನಿಮ್ಮದು ಪಕ್ಕಕ್ಕೂ 10, ಮುಂದಕ್ಕೂ 10. ಎರಡೂ ಸೇರಿದರೆ ಕಾಲು ಮೂಲೆಯ ದಿಕ್ಕಿನಲ್ಲಿ ಸುಮಾರು 14 ಡಿಗ್ರಿ ವಾಲಿರುತ್ತದೆ. ಆ ಲೆಕ್ಕಕ್ಕೆ 742 ಮಿ.ಮೀ. ಬೇಕಿತ್ತು. 731ಕ್ಕೆ ಕತ್ತರಿಸಿದರೆ ಎತ್ತರ ಬರುವುದು 709. ಹೋಯಿತಲ್ಲ ನಿಮ್ಮ ಸೆಂಟಿಮೀಟರ್.

ಲೆಕ್ಕ ಬೇಡ ಅನ್ನುವವರು ಒಂದು ರಟ್ಟಿನ ಮೇಲೆ ಪೂರ್ತಿ ಅಳತೆಗೆ ಚಿತ್ರ ಬರೆದುಕೊಂಡು, ಅದರ ಮೇಲೆ ಕಾಲನ್ನಿಟ್ಟು ಗುರುತು ಮಾಡಿ. ನಾನೂ ಕೊನೆಗೆ ಮಾಡುವುದು ಅದನ್ನೇ. ಯಾವಾಗಲೂ ಒಂದೂವರೆ ಇಂಚು ಉದ್ದವೇ ಬಿಟ್ಟಿರಿ, ಕತ್ತರಿಸಬಹುದು, ಅಂಟಿಸೋಕೆ ಬರಲ್ಲ.

ದಪ್ಪದ ಬಗ್ಗೆ ಕೇಳಿದ್ದೀರಿ. ಚೌಕ ಕಾಲಿನ ಬಾಗದ ಶಕ್ತಿ ಅದರ ಬದಿಯ ನಾಲ್ಕನೇ ಘಾತಕ್ಕೆ ಹೋಗುತ್ತದೆ. 30 ಮಿ.ಮೀ. ಕಾಲನ್ನು 40 ಮಾಡಿದರೆ ಮೂರರಷ್ಟಕ್ಕಿಂತ ಜಾಸ್ತಿ ಬಿಗಿ. ಹಾಗಾಗಿ ಮೇಲ್ಭಾಗ 45 ಇಟ್ಟುಕೊಂಡು ಕೆಳಗೆ 25ಕ್ಕೆ ಇಳಿಸಿದರೆ ಯಾವ ತೊಂದರೆಯೂ ಇಲ್ಲ, ಬಲ ಬೀಳುವುದು ಮೇಲೇ ತಾನೇ. ಆದರೆ ಮತ್ತಿಮರ ಅವರು ಹೇಳಿದ್ದೇ ಸರಿ. ಕುತ್ತಿಗೆ ಸಡಿಲ ಇದ್ದರೆ ನೂರು ಮಿ.ಮೀ. ಹಾಕಿದರೂ ಅಷ್ಟೇ.

ಭಾನುವಾರದ ಬಡಗಿ

ಕೆಳಗೆ ಮಲಗಿ ನೋಡಿದೆ. ಹೌದು, ಪ್ಲೇಟೇ ಎದ್ದು ಕೂರುತ್ತಿದೆ! ಆರು ತಿಂಗಳಿಂದ ಕಾಲನ್ನು ಬೈದುಕೊಂಡಿದ್ದೆ.

ಒಂದೇ ತಕರಾರು. ಸುತ್ತಲೂ ಪಟ್ಟಿ ಬಂದರೆ ನನ್ನ ತೊಡೆ ಸಿಕ್ಕಿಹಾಕಿಕೊಳ್ಳುತ್ತದೆ, ಕುರ್ಚಿಯ ಕೈ ಕೂಡ ಒಳಗೆ ಹೋಗಲ್ಲ. ನೋಡೋಕೂ ಹಳೆ ಕಾಲದ ಸರ್ಕಾರಿ ಕಚೇರಿ ಮೇಜಿನ ಥರ ಆಗುವುದಿಲ್ವಾ?

ಸಂಪಿಗೆ ರಸ್ತೆ

ಮೇಡಂ ಅಥವಾ ಸರ್, ಮುಂದಿನ ಪಟ್ಟಿಯನ್ನು ನಿಲ್ಲಿಸಬೇಡಿ, ಮಲಗಿಸಿ. ಹಿಂದೆ ಒಂದು, ಪಕ್ಕಕ್ಕೆ ಎರಡು ಮಾತ್ರ ಮೂರೂವರೆ ಇಂಚು ನಿಂತಿರಲಿ. ಮುಂದಿನದು ಹಲಗೆಗೆ ಚಪ್ಪಟೆಯಾಗಿ ಅಂಟಿಕೊಂಡಿರಲಿ. ನೆಲದಿಂದ ಹಲಗೆಯ ಮೇಲ್ಮೈ 75 ಸೆಂ.ಮೀ. ಅಂದರೆ, ಹಲಗೆ ದಪ್ಪ, ಪಟ್ಟಿ ದಪ್ಪ ಕಳೆದು ತೊಡೆಗೆ 70 ಸೆಂ.ಮೀ. ಸಿಗುತ್ತದೆ, ಧಾರಾಳ. ಅಂದಹಾಗೆ ಕುಳ್ಳಗಿರುವವರಿಗೆ 75 ಜಾಸ್ತಿ, ಹೆಗಲು ನೋಯುತ್ತದೆ. ನನ್ನದು 70ಕ್ಕೆ ಇಳಿಸಿಕೊಂಡಿದ್ದೇನೆ. ನಿಮ್ಮ ಗಿಡ್ಡ ಕಾಲು ವರವೇ ಇರಬಹುದು, ಕುಳಿತು ಮೊಣಕೈ ಎತ್ತರ ಅಳೆದು ನೋಡಿ.

ಇನ್ನೂ ಹಗುರ ಕಾಣಬೇಕು ಅಂದರೆ ಚಂಡೀಗಢದ ಕುರ್ಚಿ ಮೇಜುಗಳ ಫೋಟೋ ನೋಡಿ. 1950ರ ದಶಕದಲ್ಲಿ ಆ ಊರು ಕಟ್ಟುವಾಗ ಅದರ ನಕ್ಷೆ ಹಾಕಿದ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆಯ ಸಂಬಂಧಿ ಪಿಯರ್ ಜಾನ್ನರೆ ಸರ್ಕಾರಿ ಕಚೇರಿಗಳಿಗೆ ಅಂತಲೇ ತೇಗದಲ್ಲಿ ಮಾಡಿಸಿದ್ದು. ಕಾಲು ತಲೆಕೆಳಗಾದ ವಿ ಆಕಾರ, ಕೈವಾರ ಬಿಡಿಸಿಟ್ಟ ಹಾಗೆ. ಅದೇ ಕುರ್ಚಿಗಳು ಆಮೇಲೆ ಕಚೇರಿ ಹಿಂದೆ ಗುಜರಿ ರಾಶಿಯಲ್ಲಿ ಬಿದ್ದಿದ್ದವು, ಈಗ ವಿದೇಶಗಳಲ್ಲಿ ಹರಾಜಾಗುತ್ತವೆ. ಹಾಗಾಗಿ ಸರ್ಕಾರಿ ಮೇಜು ಅಂತ ಹಗುರವಾಗಿ ಮಾತಾಡಬೇಡಿ! ಅಲ್ಲಿನ ಗುಟ್ಟು ತ್ರಿಕೋನ. ಚೌಕವನ್ನು ತಳ್ಳಿದರೆ ಓರೆಯಾಗುತ್ತದೆ, ತ್ರಿಕೋನ ಆಗುವುದಿಲ್ಲ. ಎರಡು ಪಕ್ಕಕ್ಕೆ ಎರಡು ವಿ, ಹಿಂದೆ ಒಂದು ಪಟ್ಟಿ, ಮುಗಿಯಿತು.

ಏನೂ ಬಿಚ್ಚೋಕೆ ಮನಸ್ಸಿಲ್ಲ ಅಂದರೆ ಹಿಂದಿನ ಎರಡು ಕಾಲುಗಳ ನಡುವೆ ಹತ್ತು ಇಂಚು ಅಗಲದ ಪ್ಲೈವುಡ್ ಹಲಗೆ ನಿಲ್ಲಿಸಿ, ಕಾಲಿಗೂ ಟಾಪಿಗೂ ಸ್ಕ್ರೂ ಮಾಡಿ. ಪಕ್ಕಕ್ಕೆ ಓಲಾಡುವುದು ಅವತ್ತೇ ಮುಕ್ಕಾಲು ಪಾಲು ನಿಲ್ಲುತ್ತದೆ. ವೈರುಗಳೂ ಅದರ ಹಿಂದೆ ಮರೆಯಾಗುತ್ತವೆ.

ಹಲಸಿನ ಹಲಗೆ

ನಾನು ಉಡುಪಿ ಕಡೆಯವ, ಮರದ ಬಗ್ಗೆ ಎರಡು ಮಾತು ಹೇಳದಿದ್ದರೆ ನಿದ್ದೆ ಬರುವುದಿಲ್ಲ ಮಾರಾಯ್ರೆ. ಸಿಲ್ವರ್ ಓಕ್ ಕಾಫಿ ತೋಟದ ನೆರಳಿನ ಮರ, ಹಗುರ, ಮೈಮೇಲಿನ ಚುಕ್ಕೆ ಚುಕ್ಕೆ ಚೆಂದ, ಆದರೆ ಹುಳು ಬೀಳುತ್ತದೆ. ಔಷಧಿ ಹಚ್ಚದೆ ಬಿಡಬೇಡಿ. ನನ್ನ ಕೈಗೆ ಬಿಟ್ಟರೆ ಹಲಸು. ಉಳಿಗೆ ಚೆನ್ನಾಗಿ ಬಗ್ಗುತ್ತದೆ, ಮೊದಲು ಅರಿಶಿನದ ಬಣ್ಣ, ವರ್ಷ ಕಳೆದ ಹಾಗೆ ಕೆಂಪು ಕಂದು. ತೇಗ ಸಿಕ್ಕರೆ ಕೇಳುವುದೇ ಬೇಡ. ಹಳೆ ಮನೆ ಒಡೆದಲ್ಲಿ ಬಾಗಿಲ ಚೌಕಟ್ಟು ಮಾರುತ್ತಾರೆ, ನಾಲ್ಕು ಕಾಲಿಗೆ ಒಂದು ದಾರಂದ ಸಾಕು. ಗರಗಸ ಇಡುವ ಮೊದಲು ಆಯಸ್ಕಾಂತ ಆಡಿಸಿ ನೋಡಿ, ಒಳಗೆ ಮುರಿದ ಮೊಳೆ ಇದ್ದರೆ ಹಲ್ಲು ಹೋಯಿತು ಅಂತಲೇ. ಮೊಳೆ ಇಲ್ಲ ಅಂತ ಮಾರಿದವನು ಆಣೆ ಮಾಡಿದರೂ ನೋಡಿ.

ಹಸಿ ಮರ ಮಾತ್ರ ತರಬೇಡಿ. ಇವತ್ತು ನೇರ ಇದ್ದ ಕಾಲು ಬೇಸಿಗೆಯಲ್ಲಿ ಬಾಳೆಹಣ್ಣು. ನಿಮ್ಮ ಟಾಪು ಪ್ಲೈವುಡ್, ಅದು ಹಿಗ್ಗುವುದು ತೀರಾ ಕಡಿಮೆ. ನಾಳೆ ಇಡೀ ಮರದ ಹಲಗೆ ಹಾಕುವ ಆಸೆ ಬಂದರೆ ಅಡಿಯ ಪಟ್ಟಿಗೆ ಬಿಗಿಯಾಗಿ ಅಂಟಿಸಬೇಡಿ. ನಮ್ಮ ಮಳೆಗಾಲದಲ್ಲಿ ಹಲಗೆ ಅಗಲಕ್ಕೆ ಹಿಗ್ಗುತ್ತದೆ, ಸ್ಕ್ರೂ ತೂತು ಉದ್ದಕ್ಕೆ ಕೊರೆದು ಸರಿಯಲು ಜಾಗ ಬಿಡಿ, ಇಲ್ಲದಿದ್ದರೆ ನಡುವೆ ಸೀಳು.

ಕೊನೆಗೆ ಯಾರೂ ಹೇಳದ ಮಾತು. ದಿನಾ ನೆಲ ಒರೆಸುತ್ತೀರಿ, ಅಲ್ವಾ? ಕಾಲಿನ ಅಡಿ ಬರೀ ಕತ್ತರಿಸಿದ ಎಳೆ, ಬತ್ತಿ ಎಣ್ಣೆ ಹೀರಿದ ಹಾಗೆ ಆ ನೀರನ್ನು ಹೀರುತ್ತದೆ. ನಮ್ಮಜ್ಜನ ಮೇಜಿನ ಕಾಲುಗಳು ಕೆಳಗೆ ಎರಡು ಇಂಚು ಕಪ್ಪಾಗಿ ಮೆತ್ತಗಾಗಿದ್ದವು, ಬೆರಳುಗುರು ಚುಚ್ಚಿದರೆ ಇಳಿಯುತ್ತಿತ್ತು, ಮೇಲೆಲ್ಲ ಗಟ್ಟಿ. ಪಾಲಿಶ್ ಮಾಡುವಾಗ ಕಾಲನ್ನು ತಲೆಕೆಳಗೆ ನಿಲ್ಲಿಸಿ ಅಡಿಗೆ ಮೂರು ನಾಲ್ಕು ಕೋಟ್ ಕುಡಿಸಿ, ಆಮೇಲೆ ರಬ್ಬರ್ ಬುಷ್. ಅಗಸೆ ಎಣ್ಣೆ ಹಚ್ಚುವವರು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತನ್ನಷ್ಟಕ್ಕೇ ಬಿಸಿಯಾಗಿ ಹತ್ತಿಕೊಳ್ಳುತ್ತದೆ. ಬಿಡಿಸಿ ಹೊರಗೆ ಒಣಹಾಕಿ.

ಭಾನುವಾರದ ಬಡಗಿ

ಐದು ಭಾನುವಾರ ಆಯಿತು, ಸುದ್ದಿ ಹೇಳೋಣ ಅಂತ ಬಂದೆ. ದುಂಡು ಕಾಲು ಬಿಟ್ಟೆ (ಗಿಡ ಇಡುವ ಸ್ಟೂಲಿಗೆ ಆಯಿತು). ಮೈಸೂರು ರಸ್ತೆಯ ಟಿಂಬರ್ ಯಾರ್ಡಿನಿಂದ ಹೊನ್ನೆ ತಂದೆ. ಎರಡು ಇಂಚು ಚೌಕದ ನಾಲ್ಕು ಕಾಲು, ಮೇಲೆ ಪಟ್ಟಿಗಳು, ಎಲ್ಲ ಸೇರಿ ಲೆಕ್ಕಕ್ಕೆ 0.6 ಘನ ಅಡಿ ಬರುತ್ತದೆ, ಕಳೆದುಹೋಗುವುದಕ್ಕೆ ಅಂತ ಮುಕ್ಕಾಲು ತಗೊಂಡೆ. ಯಾರ್ಡಿನವರು ಇಷ್ಟೇನಾ ಅಂತ ನಕ್ಕರು.

ಕಾಲಿನ ಹೊರಗಿನ ಎರಡು ಮುಖ ನೇರ ಬಿಟ್ಟು ಒಳಗಿನ ಎರಡು ಮುಖ ಮಾತ್ರ ಪಟ್ಟಿಯ ಕೆಳಗಿನಿಂದ ಸಣ್ಣಗೆ ಇಳಿಸಿದೆ, ಮರ ಹೆರೆಯುವ ತೋಪಡದಲ್ಲಿ. ಮೊದಲ ಕಾಲಿಗೆ ಮೂರು ಗಂಟೆ, ನಾಲ್ಕನೇದಕ್ಕೆ ನಲವತ್ತು ನಿಮಿಷ. ಮೊದಲ ತೂತು ಇಲಿ ಕಡಿದ ಹಾಗಿದೆ, ಅದನ್ನು ಗೋಡೆ ಕಡೆಗೆ ಹಾಕಿದ್ದೇನೆ. ಮಾನಿಟರ್ ಈಗ ಕಲ್ಲಿನ ಹಾಗೆ ಕೂತಿದೆ.

ಆದರೆ ಒಂದು ಮೂಲೆ ಇನ್ನೂ ಕಟಕಟ ಅನ್ನುತ್ತಿದೆ, ಒಂದು ಕಾಲು ಎರಡು ಮಿ.ಮೀ. ಮೇಲೆ. ಉಳಿದ ಮೂರು ಕತ್ತರಿಸಲಾ?

ಮತ್ತಿಮರ

ಗರಗಸ ಕೆಳಗಿಡಿ! ಮೊದಲು ಮೇಜನ್ನು ಇದ್ದಲ್ಲೇ 90 ಡಿಗ್ರಿ ತಿರುಗಿಸಿ. ಕಟಕಟ ಅನ್ನುವುದು ಅದೇ ಕಾಲೋ, ಬೇರೆ ಕಾಲೋ ನೋಡಿ. ಬೇರೆಯಾದರೆ ತಪ್ಪು ನೆಲದ್ದು. ಅದೇ ಕಾಲಾದರೆ ಹಳೆ ದಪ್ಪ ಪ್ಲೈವುಡ್ ತುಂಡನ್ನು ಮಟ್ಟ ಮಾಡಿ ಹಾಸಿ, ಮೇಜನ್ನು ಅದರ ಮೇಲೆ ನಿಲ್ಲಿಸಿ, ಗಿಡ್ಡ ಕಾಲಿಗೆ ರಟ್ಟು ಕೊಟ್ಟು ಟಾಪನ್ನು ಮಟ್ಟಕ್ಕೆ ತನ್ನಿ. ಆಮೇಲೆ ಐದು ಮಿ.ಮೀ. ದಪ್ಪದ ಮರದ ಚೂರಿನ ಮೇಲೆ ಪೆನ್ಸಿಲ್ ಮಲಗಿಸಿ, ಅದನ್ನು ಜರುಗಿಸುತ್ತಾ ನಾಲ್ಕೂ ಕಾಲಿನ ಸುತ್ತ ಗೆರೆ ಎಳೆಯಿರಿ. ಗೆರೆಗೆ ಕತ್ತರಿಸಿ.

ಭಾನುವಾರದ ಬಡಗಿ

ತಿರುಗಿಸಿದೆ ಸರ್. ಬೇರೆ ಕಾಲು. ಓನರ್ ಹಾಕಿಸಿದ ಟೈಲ್ಸು.