ಮಗಳು ಜಾವೆಲಿನ್ ಎಸೆಯುತ್ತಾಳೆ, ಮೊಣಕೈ ನೋವು ಅಂತಾಳೆ. ಗೊತ್ತಿದ್ದವರು ಅನುಭವ ಹೇಳಿ

ಪ್ರಶ್ನೆ: ಅರಸೀಕೆರೆ ತಾಲ್ಲೂಕಿನ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಒಂಬತ್ತನೇ ಕ್ಲಾಸು, ಮೊನ್ನೆ 14 ತುಂಬಿತು. ಹೋದ ವರ್ಷ ಸುಮ್ನೆ ಹೆಸರು ಕೊಟ್ಟು ಜಾವೆಲಿನ್ ಎಸೆದಳು. ಈ ವರ್ಷ ತಾಲ್ಲೂಕಿಗೆ ಫಸ್ಟ್ ಬಂದಳು. ಜಿಲ್ಲಾ ಮಟ್ಟದಲ್ಲಿ 27.40 ಮೀಟರ್ ಎಸೆದು ಮೂರನೆಯವಳಾದಳು. ಮೊದಲ ಇಬ್ಬರೂ 30 ದಾಟಿದ್ದರು. ಅವತ್ತಿನಿಂದ ಅವಳಿಗೆ 30ರದ್ದೇ ಧ್ಯಾನ. ಶಾಲೆ ಬಿಟ್ಟ ಮೇಲೆ ಕತ್ತಲಾಗುವ ತನಕ ಎಸೆಯುತ್ತಾಳೆ. ಈಗ ಹದಿನೈದು ದಿನದಿಂದ ಬಲ ಮೊಣಕೈ ಒಳಗಡೆ ನೋವು ಅಂತಾಳೆ. ನಮ್ಮ ಅತ್ತೆ "ಹೆಣ್ಣು ಹುಡುಗಿ, ಕೈ ಹೋದರೆ ಏನು ಗತಿ" ಅಂತಾರೆ. ಶಾಲೆಯಲ್ಲಿ ಇರೋದು ಒಂದೇ ಜಾವೆಲಿನ್, ಅದೂ ಹುಡುಗರದ್ದು. ಹೊಸದು ಕೊಡಿಸಬೇಕಾ? ಕ್ರೀಡಾ ಹಾಸ್ಟೆಲ್‌ಗೆ ಕಳಿಸಬೇಕಾ? ಇಲ್ಲಾ ನಿಲ್ಲಿಸಿಬಿಡಬೇಕಾ? ನಮ್ಮ ಮನೆಯಲ್ಲಿ ಯಾರೂ ಆಟ ಆಡಿದವರಲ್ಲ.

ಉತ್ತರ: ಒಂದು ಕಾಲದ ಜಾವೆಲಿನ್ ಹುಡುಗಿ, ಈಗ ದಾವಣಗೆರೆಯಲ್ಲಿ ನರ್ಸ್

ಅಕ್ಕ, ಇವತ್ತಿನಿಂದಲೇ ಎಸೆಯೋದು ನಿಲ್ಲಿಸಿ. ಆಟ ಬಿಡಿಸಿ ಅಂತ ಹೇಳುತ್ತಿಲ್ಲ. ನೋವು ಪೂರ್ತಿ ಹೋಗುವ ತನಕ ಆ ಕೈಗೆ ರಜೆ ಕೊಡಿ. ಓಡಲಿ, ಹಗ್ಗ ಜಿಗಿಯಲಿ, ಕಾಲಿನ ವ್ಯಾಯಾಮ ಎಲ್ಲ ಮಾಡಲಿ.

ನನಗೆ 16 ಇದ್ದಾಗ ರಾಜ್ಯ ಮಟ್ಟಕ್ಕೆ ಮೂರು ವಾರ ಇತ್ತು. ಹೇಳಿಕೊಡುತ್ತಿದ್ದವರು ದಿನಕ್ಕೆ 70, 80 ಎಸೆತ ಹಾಕಿಸಿದರು. ಇದೇ ಜಾಗದಲ್ಲೇ ನೋವು ಶುರುವಾಯಿತು. "ಎಲ್ಲರಿಗೂ ಇರುತ್ತೆ" ಅಂದರು. ಸ್ಪರ್ಧೆಯ ದಿನ ನೋವಿನ ಇಂಜೆಕ್ಷನ್ ಕೊಡಿಸಿದರು. ಎರಡನೇ ಎಸೆತಕ್ಕೆ ಮೊಣಕೈಯಲ್ಲಿ ಚಟ್ ಅಂತು. ಕಿರುಬೆರಳು ಜೋಮು ಹಿಡಿಯಿತು. ಮುಂದೆ ಎರಡು ವರ್ಷ ಒದ್ದಾಡಿ ಬಿಟ್ಟೆ. ಇವತ್ತಿಗೂ ನನ್ನ ಬಲಗೈ ಪೂರ್ತಿ ನೇರವಾಗುವುದಿಲ್ಲ. ತಂತಿಯ ಮೇಲೆ ಬಟ್ಟೆ ಒಣಹಾಕುವಾಗ ಪ್ರತಿ ಸಲ ಗೊತ್ತಾಗುತ್ತದೆ.

ಈ ವಯಸ್ಸಿನಲ್ಲಿ ಎಲುಬಿನ ತುದಿ ಇನ್ನೂ ಬೆಳೆಯುತ್ತಿರುತ್ತದೆ, ಆ ಭಾಗ ಮೆದು. ಎಸೆದಾಗಲೆಲ್ಲ ಸ್ನಾಯು ಅದನ್ನೇ ಎಳೆಯುತ್ತದೆ. ಬೇಗ ರಜೆ ಕೊಟ್ಟರೆ ಸಾಮಾನ್ಯವಾಗಿ ವಾಸಿಯಾಗುತ್ತದೆ. ಕೈ ನೇರ ಆಗದಿದ್ದರೆ, ಬೆರಳು ಜೋಮು ಹಿಡಿದರೆ, ರಾತ್ರಿ ಮಲಗಿದಾಗಲೂ ನೋವಿದ್ದರೆ ತಡ ಮಾಡಬೇಡಿ. ನಿಮಗೆ ಹೇಗೂ ಹದಿನೈದು ದಿನ ಆಗಿದೆ, ಒಂದು ಸಲ ಮೂಳೆ ಡಾಕ್ಟರಿಗೆ ತೋರಿಸಿಬಿಡಿ. ನೋವಿನ ಮಾತ್ರೆ ನುಂಗಿಸಿ ಎಸೆಯಲು ಮಾತ್ರ ಬಿಡಬೇಡಿ. ನೋವು ಅಂದರೆ ಕೈ ಮಾತಾಡುತ್ತಿದೆ ಅಂತ, ಮಾತ್ರೆ ಕೊಟ್ಟರೆ ಅದರ ಬಾಯಿ ಮುಚ್ಚಿಸಿದ ಹಾಗೆ.

ಇನ್ನೊಂದು ಮಾತು, ಹೆಂಗಸರು ಹೆಂಗಸರಿಗೆ ಹೇಳುವಂಥದ್ದು. ಅವಳ ಮುಟ್ಟು ಸರಿಯಾಗಿ ಆಗುತ್ತಿದೆಯಾ ನೋಡಿಕೊಳ್ಳಿ. ಆಟ ಜಾಸ್ತಿಯಾಗಿ ಊಟ ಸಾಲದೇ ಹೋದರೆ ಮೊದಲು ತಪ್ಪುವುದು ಅದೇ. ಆಮೇಲೆ ಮೂಳೆಗೂ ಪೆಟ್ಟು. ಮುದ್ದೆ, ಸೊಪ್ಪಿನ ಸಾರು, ಮೊಟ್ಟೆ, ಹೆಸರುಕಾಳು, ಕಡ್ಲೆಕಾಯಿ, ಹಾಲು. ಇಷ್ಟನ್ನೇ ಹೊಟ್ಟೆ ತುಂಬ ಕೊಡಿ.

ಉತ್ತರ: ಶಿರಸಿ ಕಡೆಯ ನಿವೃತ್ತ ಪಿಟಿ ಮಾಸ್ಟರ್

ನಾನು ಸರ್ಕಾರಿ ಹೈಸ್ಕೂಲುಗಳಲ್ಲಿ 31 ವರ್ಷ ಪಿಟಿ ಮಾಸ್ಟರ್ ಆಗಿದ್ದೆ ಅಮ್ಮ. ಮೇಲೆ ಆ ತಂಗಿ ಹೇಳಿದ್ದು ನೂರಕ್ಕೆ ನೂರು ಸರಿ. ಕೈ ವಾಸಿಯಾದ ಮೇಲಿನ ಮಾತು ನಾನು ಹೇಳುತ್ತೇನೆ.

ಅವಳು ಎಸೆಯುತ್ತಿರುವ ಜಾವೆಲಿನ್ ಎಷ್ಟು ಗ್ರಾಂ ಎಂದು ನೋಡಿ. 18ರೊಳಗಿನ ಹುಡುಗಿಯರಿಗೆ 500 ಗ್ರಾಂ, ಹುಡುಗರಿಗೆ 700. ದೊಡ್ಡವರಲ್ಲಿ ಹೆಂಗಸರಿಗೆ 600, ಗಂಡಸರಿಗೆ 800. ಹುಡುಗರದ್ದು ಅಂದಿರಲ್ಲ, ಹಾಗಾದರೆ ನಿಮ್ಮ ಮಗು ದಿನಾ ಸಂಜೆ ತನ್ನ ಅಳತೆಗಿಂತ 200 ಗ್ರಾಂ ಆದರೂ ಜಾಸ್ತಿ ಎಸೆಯುತ್ತಿದ್ದಾಳೆ. ಉದ್ದವೂ ಜಾಸ್ತಿ. ಅರ್ಧ ನೋವಿಗೆ ಕಾರಣ ಅಲ್ಲೇ ಇದೆ.

ಕೊಡಿಸುವುದಾದರೆ 500 ಗ್ರಾಂದು ಕೊಡಿಸಿ. ಆದರೆ ಅಂಗಡಿಯಲ್ಲಿ ಒಂದು ವಿಷಯ ಕೇಳಿಕೊಳ್ಳಿ. ಒಳ್ಳೆ ಜಾವೆಲಿನ್‌ಗಳಿಗೆ 40 ಮೀಟರ್, 50 ಮೀಟರ್, 70 ಮೀಟರ್ ಎಂದು ಲೆಕ್ಕ ಇರುತ್ತದೆ. ಅಷ್ಟು ದೂರ ಎಸೆಯುವವರಿಗೆ ಮಾಡಿದ್ದು ಎಂದು ಅರ್ಥ. 70ರದ್ದು ಬಿಗಿ ಇರುತ್ತದೆ, ಅದಕ್ಕೆ ತಕ್ಕ ವೇಗ ಇಲ್ಲದ ಕೈಗೆ ಅದು ಹಾರುವುದೇ ಇಲ್ಲ. ದುಬಾರಿಯದ್ದೇ ಒಳ್ಳೆಯದು ಎಂದು ತಂದು ಮಕ್ಕಳು ಅಳುವುದನ್ನು ನೋಡಿದ್ದೇನೆ. ದುಡ್ಡಿಗೆ ಕಷ್ಟವಿದ್ದರೆ ಬಿದಿರಿನದ್ದೇ ಸಾಕು. ಜಾವೆಲಿನ್ ಆಟಗಾರ್ತಿ ಅನ್ನು ರಾಣಿ ಮೀರತ್ ಹತ್ತಿರದ ಹಳ್ಳಿಯಲ್ಲಿ ಕಬ್ಬಿನ ಜಲ್ಲೆ ಎಸೆದು, ಬಿದಿರು ಎಸೆದು ಕಲಿತವರು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 62.92 ಮೀಟರ್ ಎಸೆದು ಚಿನ್ನ ತಂದರು. ಈ ಮಾತನ್ನು ನಿಮ್ಮ ಅತ್ತೆಯವರಿಗೂ ಹೇಳಿ.

ಇನ್ನರ್ಧ ನೋವು ಎಡಗಾಲಿನಿಂದ ಬಂದಿರಬಹುದು. ಆಶ್ಚರ್ಯ ಅನ್ನಿಸುತ್ತದೆ, ಅಲ್ವಾ? ಟ್ರ್ಯಾಕ್ಟರಿನ ಟ್ರೇಲರ್‌ನಲ್ಲಿ ನಿಂತಿದ್ದೀರಿ ಎಂದುಕೊಳ್ಳಿ. ಡ್ರೈವರ್ ದಿಢೀರ್ ಬ್ರೇಕ್ ಹಾಕಿದರೆ ಮೈ ಮುಂದಕ್ಕೆ ಚಿಮ್ಮುತ್ತದೆ. ಬಲಗೈಯವರಿಗೆ ಆ ಬ್ರೇಕ್ ಎಡಗಾಲು. ಕೊನೇ ಹೆಜ್ಜೆಯಲ್ಲಿ ಅದು ಕಂಬದ ಹಾಗೆ ನೆಟ್ಟಗೆ ಊರಬೇಕು. ಆಗ ಓಟದ ವೇಗ ಸೊಂಟಕ್ಕೆ, ಎದೆಗೆ, ಭುಜಕ್ಕೆ ಹತ್ತಿ ಕಡೆಗೆ ಕೈಗೆ ಬರುತ್ತದೆ. ಎಡ ಮಂಡಿ ಮಡಚಿಕೊಂಡರೆ ವೇಗವೆಲ್ಲ ನೆಲಕ್ಕೆ ಹೋಯಿತು. ಆಗ ಮಗು ಬರೀ ಕೈಯಲ್ಲಿ ದೂರ ಎಳೆಯಲು ನೋಡುತ್ತದೆ. ಮೊಣಕೈ ಭುಜಕ್ಕಿಂತ ಕೆಳಗೆ ಇಳಿಯುತ್ತದೆ, ಜಾವೆಲಿನ್ ತಲೆಯಿಂದ ದೂರ ಹೋಗುತ್ತದೆ. ಆ ಭಾರ ಪೂರ್ತಿ ಬೀಳುವುದು ಮೊಣಕೈಯ ಒಳಭಾಗಕ್ಕೆ. ಪಕ್ಕದಲ್ಲಿ ನಿಂತು ಮೊಬೈಲ್‌ನಲ್ಲಿ ವಿಡಿಯೋ ಮಾಡಿ, ಜಾವೆಲಿನ್ ಕೈಬಿಡುವ ಹೊತ್ತಿಗೆ ನಿಲ್ಲಿಸಿ ನೋಡಿ. ಮಂಡಿ ಮತ್ತು ಮೊಣಕೈ ಎರಡನ್ನೇ ನೋಡಿ, ಬೇರೇನೂ ಬೇಡ.

ನಾನು ಹೊಸ ಮಕ್ಕಳ ಕೈಗೆ ಎರಡು ತಿಂಗಳು ಜಾವೆಲಿನ್ ಕೊಡುತ್ತಿರಲಿಲ್ಲ. ಹಳೇ ಕಾಲುಚೀಲದೊಳಗೆ ಟೆನಿಸ್ ಬಾಲ್ ಹಾಕಿ ಗಂಟು ಕಟ್ಟಿ ಗೋಡೆಗೆ ಎಸೆಸುತ್ತಿದ್ದೆ. ಮೆಡಿಸಿನ್ ಬಾಲನ್ನು (ವ್ಯಾಯಾಮದ ಭಾರದ ಚೆಂಡು) ಎರಡೂ ಕೈಯಲ್ಲಿ ತಲೆಯ ಮೇಲಿಂದ ಎಸೆಸುತ್ತಿದ್ದೆ. ಎರಡು ಅಡಿಕೆ ಮರದ ನಡುವೆ ಎರಡಾಳು ಎತ್ತರಕ್ಕೆ ಹಗ್ಗ ಕಟ್ಟಿ, ನಾಲ್ಕು ಹೆಜ್ಜೆ ಹಿಂದೆ ನಿಂತು ಅದರ ಮೇಲೆ ಚೆಂಡು ಹಾರಿಸುವುದು ಇನ್ನೊಂದು. ಜಾವೆಲಿನ್ ಸುಮಾರು 30ರಿಂದ 35 ಡಿಗ್ರಿಯಲ್ಲಿ ಹೊರಡಬೇಕು. ಮಕ್ಕಳಿಗೆ ಡಿಗ್ರಿ ಅಂದರೆ ತಲೆಗೆ ಹತ್ತುವುದಿಲ್ಲ, ಹಗ್ಗ ಅಂದರೆ ಹತ್ತುತ್ತದೆ. ನಿಮ್ಮ ಕಡೆ ತೆಂಗಿನ ಮರಕ್ಕೆ ಕೊರತೆಯಿಲ್ಲ.

ಎಸೆತದ ಲೆಕ್ಕ ನನ್ನದು ಹೀಗೆ: ಈ ವಯಸ್ಸಿಗೆ ವಾರಕ್ಕೆ ಎರಡು ದಿನ ಜಾವೆಲಿನ್. ಒಂದು ದಿನಕ್ಕೆ 25 ಎಸೆತ. ಅದರಲ್ಲೂ ಪೂರ್ತಿ ಜೋರಿನವು ಎಂಟೋ ಹತ್ತೋ. ನಡುವೆ ಕನಿಷ್ಠ ಎರಡು ದಿನ ಬಿಡುವು. ಉಳಿದ ದಿನ ಓಟ, ಜಿಗಿತ, ಹೊಟ್ಟೆ ಬೆನ್ನಿನ ವ್ಯಾಯಾಮ, ಬೇರೆ ಆಟ. ಬೇರೆ ಆಟ ಆಡಿದರೆ ನಷ್ಟವೇನೂ ಇಲ್ಲ. ಒಡಿಶಾದ ಕಿಶೋರ್ ಜೇನಾ ಮೊದಲು ವಾಲಿಬಾಲ್ ಆಡುತ್ತಿದ್ದವರು. ಹಾಂಗ್‌ಝೌನಲ್ಲಿ ನೀರಜ್ ಚೋಪ್ರಾ 88.88 ಎಸೆದಾಗ ಇವರು 87.54 ಎಸೆದು ಬೆಳ್ಳಿ ಗೆದ್ದರು. ನಮ್ಮ ಶಿರಸಿಯ ಕಾಶಿನಾಥ ನಾಯ್ಕ ಸೈನ್ಯ ಸೇರಿ ಬೆಳೆದವರು. 2010ರ ದೆಹಲಿ ಕಾಮನ್‌ವೆಲ್ತ್‌ನಲ್ಲಿ 74.29 ಮೀಟರ್ ಎಸೆದು ಕಂಚು ತಂದ ದಿನ ನಮ್ಮ ಶಾಲೆಯಲ್ಲಿ ಪಾಠ ನಡೆಯಲಿಲ್ಲ, ಬರೀ ಅದೇ ಮಾತು. 14ಕ್ಕೆ 30 ಮೀಟರ್ ದಾಟಲೇಬೇಕು ಎಂಬ ಅವಸರ ಯಾರಿಗಾಗಿ?

ಇನ್ನು ಫಲಿತಾಂಶ ಓದುವ ಬಗೆ. ಮಗಳಿಗೆ ಒಂದು ನೋಟ್‌ಬುಕ್ ಕೊಡಿ. ಬೋರ್ಡ್ ಮೇಲೆ ಬರುವುದು ಅತಿ ದೂರದ ಒಂದೇ ಎಸೆತ. ಅವಳು ಎಲ್ಲ ಎಸೆತಗಳನ್ನೂ ಬರೆಯಲಿ, ಫೌಲ್ ಆಗಿದ್ದರೆ ಯಾಕೆ ಆಯಿತು ಎಂದೂ ಬರೆಯಲಿ. ಗೆರೆ ದಾಟಿತಾ? ಸೆಕ್ಟರ್, ಅಂದರೆ ಬೀಳಬೇಕಾದ ಗುರುತಿನ ಜಾಗದ, ಹೊರಗೆ ಬಿತ್ತಾ? ಮೂತಿ ಮೊದಲು ನೆಲಕ್ಕೆ ತಾಗದೆ ಬಾಲ ತಾಗಿತಾ? 2024ರ ಪ್ಯಾರಿಸ್ ಒಲಿಂಪಿಕ್ಸ್ ಫೈನಲ್‌ನಲ್ಲಿ ನೀರಜ್ ಚೋಪ್ರಾ ಅವರ ಆರು ಎಸೆತಗಳಲ್ಲಿ ಐದು ಫೌಲ್. ಸರಿಯಾಗಿ ಬಿದ್ದಿದ್ದು ಒಂದೇ, 89.45. ಅದಕ್ಕೆ ಬೆಳ್ಳಿ ಬಂತು. ಮುಂದಿನ ವರ್ಷ ಮೇ ತಿಂಗಳಲ್ಲಿ ದೋಹಾದಲ್ಲಿ 90.23 ಎಸೆದರು, ಸೆಪ್ಟೆಂಬರಿನಲ್ಲಿ ಟೋಕಿಯೊ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 84.03ಕ್ಕೆ ಎಂಟನೆಯವರಾದರು. ಅಂಥವರಿಗೇ ನಾಲ್ಕು ತಿಂಗಳಲ್ಲಿ ಆರು ಮೀಟರ್ ಏರುಪೇರು. 27.40 ಎಂಬ ಒಂದು ಅಂಕಿಯಿಂದ ನಿಮ್ಮ ಮಗಳ ಬಗ್ಗೆ ಏನೂ ತೀರ್ಮಾನ ಮಾಡಲಾಗದು. ಜಿಲ್ಲೆಯಲ್ಲಿ ಸಿಕ್ಕ ಮೂರೂ ಎಸೆತ ಎಷ್ಟೆಷ್ಟು, ಅದನ್ನು ಹೇಳಿ.

ಉತ್ತರ: ತುಮಕೂರಿನ ಒಬ್ಬ ತಂದೆ

ನನ್ನ ಮಗನಿಗೆ 15. 2025ರ ಜುಲೈ 5ಕ್ಕೆ ಬೆಂಗಳೂರಿನ ಕಂಠೀರವದಲ್ಲಿ ನೀರಜ್ ಚೋಪ್ರಾ ಕ್ಲಾಸಿಕ್ ಎಂಬ ಜಾವೆಲಿನ್ ಸ್ಪರ್ಧೆ ನಡೆದಾಗ ಅವನನ್ನು ಮತ್ತು ಅವನ ಮೂವರು ಗೆಳೆಯರನ್ನು ಕರೆದುಕೊಂಡು ಹೋಗಿದ್ದೆ. ನೀರಜ್ ಅವರ ಮೊದಲ ಎಸೆತವೇ ಫೌಲ್. ಮೂರನೆಯದು 86.18, ಅದಕ್ಕೇ ಗೆದ್ದರು. ಕೀನ್ಯಾದ ಜೂಲಿಯಸ್ ಯೇಗೊ 84.51 ಎಸೆದು ಎರಡನೆಯವರಾದರು. ಅಷ್ಟು ದೊಡ್ಡವರೂ ಸ್ಪರ್ಧೆಗೆ ಮುಂಚೆ ಎಷ್ಟು ಹೊತ್ತು ಮೈ ಬೆಚ್ಚಗೆ ಮಾಡಿಕೊಳ್ಳುತ್ತಾರೆ ಎಂದು ಮಕ್ಕಳು ಕಣ್ಣಾರೆ ನೋಡಿದರು. ಅದಕ್ಕೆ ಮುಂಚೆ ನನ್ನ ಮಗ ಮೈದಾನಕ್ಕೆ ಇಳಿದವನೇ ಜಾವೆಲಿನ್ ಎತ್ತುತ್ತಿದ್ದ.

ಆದರೆ ಮರುದಿನದಿಂದ ನಾಲ್ವರೂ ಎಸೆದ ಮೇಲೆ ನೀರಜ್ ಹಾಗೆ ಮುಂದಕ್ಕೆ ಕೈಯೂರಿ ಬೀಳಲು ಶುರು ಮಾಡಿದರು. ಒಬ್ಬನ ಮಣಿಕಟ್ಟು ಉಳುಕಿತು. ಅವರು ಬೀಳುವುದು ಓಟದ ವೇಗಕ್ಕೆ. ನಮ್ಮ ಮಕ್ಕಳು ಬೇಕೆಂದೇ ಬೀಳುತ್ತಾರೆ. ಗೆರೆಗೆ ಎರಡು ಮೀಟರ್ ಹಿಂದೆಯೇ ಎಸೆದು, ಬಲಗಾಲು ಮುಂದಿಟ್ಟು ನಿಲ್ಲುವುದನ್ನು ಕಲಿಸಿ.

ಉತ್ತರ: ಹಾವೇರಿ ಜಿಲ್ಲೆಯ ಒಬ್ಬ ಶಿಕ್ಷಕಿ

ಕತ್ತಲಾಗುವ ತನಕ ಎಸೆಯುತ್ತಾಳೆ ಅಂದಿರಿ, ಅದನ್ನು ಓದಿ ಎದೆ ಝಲ್ ಅಂತು. ದಯವಿಟ್ಟು ಬೇಡ. ನಾನು ಹಿಂದೆ ಇದ್ದ ಶಾಲೆಯೊಂದರಲ್ಲಿ ಎಸೆದದ್ದನ್ನು ತರಲು ಹೋದ ಹುಡುಗ ಅಲ್ಲಿಂದಲೇ ಜಾವೆಲಿನ್ ವಾಪಸ್ ಎಸೆದ. ಏಳನೇ ಕ್ಲಾಸಿನ ಹುಡುಗಿಯೊಬ್ಬಳ ತೊಡೆಗೆ ನೆಟ್ಟಿತು. ಅವಳು ಉಳಿದಳು, ಆದರೆ ಆ ಸಂಜೆ ನಾನು ಮರೆಯುವುದಿಲ್ಲ. ಎಲ್ಲರೂ ಎಸೆದು ಮುಗಿದ ಮೇಲೆ ಒಟ್ಟಿಗೆ ನಡೆದು ಹೋಗಿ ತರಬೇಕು. ಮೂತಿ ಕೆಳಗೆ ಮಾಡಿ ನೆಟ್ಟಗೆ ಹಿಡಿದು ತರಬೇಕು. ನೆಲಕ್ಕೆ ನೆಟ್ಟಿರುವ ಜಾವೆಲಿನ್ ಕಡೆ ಓಡಬಾರದು, ಹಿಂಬದಿಯ ತುದಿ ಕಣ್ಣಿನ ಮಟ್ಟದಲ್ಲೇ ಇರುತ್ತದೆ.

ಉತ್ತರ: ಹಾಸನದವನು, ಹಾಸ್ಟೆಲ್‌ನಲ್ಲಿ ಐದು ವರ್ಷ ಇದ್ದವನು

ಅಕ್ಕ, ನಾನು ನಿಮ್ಮ ಜಿಲ್ಲೆಯವನೇ. ಹಾಸ್ಟೆಲ್ ನನಗೆ ಒಳ್ಳೆಯದನ್ನೇ ಮಾಡಿತು. ಊಟ, ಮೈದಾನ, ಜೊತೆಗಾರರು ಎಲ್ಲ ಸಿಕ್ಕಿತು. ಕ್ರೀಡಾ ಇಲಾಖೆಯ ಹಾಸ್ಟೆಲ್‌ಗಳಿಗೆ ಆಯ್ಕೆ ನಡೆಯುತ್ತದೆ, ಮೂಡುಬಿದಿರೆ, ಉಜಿರೆ ಕಡೆಯ ಸಂಸ್ಥೆಗಳೂ ಆಟದ ಮಕ್ಕಳನ್ನು ತೆಗೆದುಕೊಳ್ಳುತ್ತವೆ. ಆದರೆ ಹಾಸ್ಟೆಲ್ ಹೆಸರು ನೋಡಿ ಕಳಿಸಬೇಡಿ. ಅಲ್ಲಿ ಎಸೆತಕ್ಕೆಂದೇ ಕೋಚ್ ಇದ್ದಾರಾ ಕೇಳಿ. ನನ್ನ ಜೊತೆಗಿದ್ದ ಇಬ್ಬರಿಗೆ ಓಟದ ಕೋಚ್ ಬಿಟ್ಟರೆ ಗತಿ ಇರಲಿಲ್ಲ. ಹುಡುಗಿಯರ ಕಡೆ ವಾರ್ಡನ್ ಹೆಂಗಸರಾ, ನೋವಾದರೆ ಯಾರಿಗೆ ತೋರಿಸುತ್ತಾರೆ, ವಾರಕ್ಕೊಮ್ಮೆ ಫೋನ್ ಮಾಡಲು ಬಿಡುತ್ತಾರಾ, ಇದೆಲ್ಲ ಕೇಳಿ. ಕೈ ನೋವು ಇರುವಾಗಲಂತೂ ಆಯ್ಕೆಗೆ ಕರೆದೊಯ್ಯಬೇಡಿ. ಮಗು ಅವತ್ತು ನೋವು ಮುಚ್ಚಿಟ್ಟು ಎಸೆಯುತ್ತದೆ.

ಪ್ರೋಟೀನ್ ಡಬ್ಬಿ, ಶಕ್ತಿ ಬರುವ ಪುಡಿ ಅಂತ ಯಾರಾದರೂ ಕೊಟ್ಟರೆ ಮನೆಯೊಳಗೆ ಬಿಟ್ಟುಕೊಳ್ಳಬೇಡಿ. ನಮ್ಮ ಬೇಲೂರು ತಾಲ್ಲೂಕಿನ ಡಿ.ಪಿ. ಮನು 2023ರಲ್ಲಿ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ 84.14 ಎಸೆದು ಆರನೆಯವರಾದರು. ಆ ರಾತ್ರಿ ನಾವೆಲ್ಲ ನಿದ್ದೆ ಮಾಡಲಿಲ್ಲ. ಮುಂದಿನ ವರ್ಷ ಡೋಪ್ ಪರೀಕ್ಷೆಯಲ್ಲಿ ನಿಷೇಧಿತ ಮದ್ದು ಸಿಕ್ಕಿತು, ನಾಲ್ಕು ವರ್ಷ ನಿಷೇಧ ಆಯಿತು. ಇದನ್ನು ಬರೆಯಲು ನನಗೆ ಕಷ್ಟವಾಗುತ್ತದೆ. ಆದರೆ ಮಕ್ಕಳಿಗೆ ಗೊತ್ತಿರಬೇಕು: ಯಾರೇ ಕೊಟ್ಟಿರಲಿ, ಮೈಯಲ್ಲಿ ಸಿಕ್ಕಿದ್ದಕ್ಕೆ ಆಟಗಾರರೇ ಹೊಣೆ. ಕೆಮ್ಮಿನ ಔಷಧಿಗೂ ಡಾಕ್ಟರ ಹತ್ತಿರ "ನಾನು ಕ್ರೀಡಾಪಟು" ಎಂದು ಹೇಳುವ ಅಭ್ಯಾಸ ಈಗಲೇ ಮಾಡಿಸಿ.

ಮತ್ತೆ ಅದೇ ತಾಯಿ, ಐದು ವಾರದ ಮೇಲೆ

ಎಲ್ಲರಿಗೂ ಕೈ ಮುಗಿಯುತ್ತೇನೆ. ಹಾಸನದಲ್ಲಿ ಮೂಳೆ ಡಾಕ್ಟರಿಗೆ ತೋರಿಸಿದೆವು. ಎಕ್ಸ್‌ರೇ ಮಾಡಿ, ಮುರಿದಿಲ್ಲ, ಎಳೆತ ಆಗಿದೆ, ಒಂದು ತಿಂಗಳು ಎಸೆಯಬಾರದು ಅಂದರು. ಮೊದಲ ವಾರ ತುಂಬಾ ಅತ್ತಳು. ಆಮೇಲೆ ಓಡಲು ಶುರು ಮಾಡಿದಳು. ಈಗ ಕೈ ನೇರ ಆಗುತ್ತದೆ, ಒತ್ತಿದರೂ ನೋವಿಲ್ಲ. ಶಾಲೆಯ ಜಾವೆಲಿನ್ ತೂಗಿಸಿದೆ, 700 ಗ್ರಾಂದು. ಪಕ್ಕದ ಹೈಸ್ಕೂಲಿನವರು ತಮ್ಮ ಹತ್ತಿರ ಇದ್ದ 500ರದ್ದನ್ನು ಎರಡು ತಿಂಗಳಿಗೆ ಕೊಟ್ಟಿದ್ದಾರೆ. ಹಾಸ್ಟೆಲ್ ಮಾತು ಹತ್ತನೇ ಕ್ಲಾಸು ಮುಗಿದ ಮೇಲೆ.

ಮಾಸ್ಟರೇ, ನೋಟ್‌ಬುಕ್ ಶುರು ಮಾಡಿದ್ದಾಳೆ. ಜಿಲ್ಲೆಯಲ್ಲಿ ಎಸೆದಿದ್ದು ಹೀಗೆ: ಮೊದಲನೆಯದು 26.85, ಎರಡನೆಯದು 27.40. ಮೂರನೆಯದು ಫೌಲ್, ಎಡಗಾಲು ಗೆರೆ ದಾಟಿತ್ತಂತೆ. ಅದು ಮೊದಲಿನ ಎರಡಕ್ಕಿಂತ ದೂರ ಹೋಗಿತ್ತು ಅಂತಾಳೆ. ಸೋಮವಾರದಿಂದ ಎಸೆಯಬಹುದು ಅಂದಿದ್ದಾರೆ ಡಾಕ್ಟರು. ಎಷ್ಟು ಹೆಜ್ಜೆ ಓಡಿಸಲಿ?

ಶಿರಸಿಯ ಮಾಸ್ಟರ್

ಮೊದಲ ಎರಡು ವಾರ ಓಟವೇ ಬೇಡ, ನಿಂತಲ್ಲಿಂದ ಎಸೆಯಲಿ. ಎಸೆಯುವ ದಿನ ಹತ್ತು ಎಸೆತ, ಅರ್ಧ ಜೋರು. ಆಮೇಲೆ ಮೂರು ಹೆಜ್ಜೆ. ನೋವು ಇಣುಕದಿದ್ದರೆ ಐದು. ಗೆರೆ ದಾಟಿದ ಆ ಎಸೆತ ಒಳ್ಳೆಯದೇ, ವೇಗ ಇದೆ ಎಂದಾಯಿತು. ಆದರೆ ಆ ವೇಗಕ್ಕೆ ಬ್ರೇಕ್ ಬೀಳುತ್ತಿಲ್ಲ, ಅಂದರೆ ಎಡ ಮಂಡಿ ನಾನು ಅಂದುಕೊಂಡ ಹಾಗೆ ಮಡಚುತ್ತಿರಬೇಕು. ಪಕ್ಕದಿಂದ ವಿಡಿಯೋ ಮಾಡಿ ಕಳಿಸಿ, ಎಡ ಪಾದ ಕಾಣುವ ಹಾಗಿರಲಿ.